ಲೆಕ್ಕದ ಪಾಠಕ್ಕೆ ಮೊಬೈಲ್ ಎಷ್ಟು ಬೇಕು?

2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಪಾಠಗಳು ಮೊಬೈಲಿಗೆ ಬಂದವು. ಅದುವರೆಗೆ ಮಕ್ಕಳ ಕಣ್ಣಿಗೆ ಬೀಳದಂತೆ ಮೊಬೈಲನ್ನು ಅಡಗಿಸಿಡುತ್ತಿದ್ದ ತಾಯಂದಿರೇ ಅದನ್ನು ಅವರ ಕೈಗಿತ್ತರು. ಶಾಲೆ ಮತ್ತೆ ತೆರೆಯಿತು. ಮೊಬೈಲ್ ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು. ಈಗ ಹಂಗಾರಕಟ್ಟೆಯ ತಾಯಂದಿರು ನನ್ನಲ್ಲಿ ಹೆಚ್ಚಾಗಿ ಹೇಳುವ ಮಾತು ಒಂದೇ: "ಟೀಚರ್, ಮನೆಯಲ್ಲಿ ಎಲ್ಲಾ ಲೆಕ್ಕ ಸರಿ ಮಾಡ್ತಾಳೆ. ಪರೀಕ್ಷೆಯಲ್ಲಿ ಮಾತ್ರ ಏನೂ ಬರೋದಿಲ್ಲ."

ಇದರಲ್ಲಿ ಆಶ್ಚರ್ಯವಿಲ್ಲ. ಪುಸ್ತಕದ ಲೆಕ್ಕದ ಫೋಟೋ ತೆಗೆದರೆ ಸಾಕು, ಉತ್ತರವನ್ನು ಹಂತಹಂತವಾಗಿ ಬರೆದು ತೋರಿಸುವ ಆ್ಯಪ್‌ಗಳು ಇವೆ. ಮಗಳು ಅದನ್ನು ನೋಟ್‌ಬುಕ್ಕಿಗೆ ಇಳಿಸುತ್ತಾಳೆ. ಪುಟ ತುಂಬುತ್ತದೆ, ತಲೆಗೆ ಏನೂ ಹೋಗುವುದಿಲ್ಲ. ಇದನ್ನು ಸಣ್ಣ ವಿಷಯವೆಂದು ಬಿಡುವಂತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಒಂದು ಹೋದರೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಗುವಿನ ಓದು ಅಲ್ಲಿಗೇ ನಿಲ್ಲುತ್ತದೆ.

ಹಾಗೆಂದು ಮೊಬೈಲನ್ನು ಕಿತ್ತುಕೊಳ್ಳಬೇಕೇ? ಬೇಡ. ಅದನ್ನು ಯಾವ ಕೆಲಸಕ್ಕೆ ಬಳಸಬೇಕೆಂದು ನಾವು ಮೊದಲು ತಿಳಿದುಕೊಳ್ಳಬೇಕು.

ಒಂದು ಲೆಕ್ಕ ನೋಡಿ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ ಹತ್ತರಷ್ಟನ್ನು ಕೂಡಿಸಿದರೆ 39 ಆಗುತ್ತದೆ. ಆ ಸಂಖ್ಯೆ ಯಾವುದು? ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿ ತಮ್ಮ ಗ್ರಂಥದಲ್ಲಿ ಕೊಟ್ಟಿರುವ ಪ್ರಸಿದ್ಧ ಲೆಕ್ಕವಿದು. ಆ ಗ್ರಂಥದ ಹೆಸರಿನಲ್ಲಿರುವ 'ಅಲ್ ಜಬ್ರ್' ಎಂಬ ಪದದಿಂದ 'ಆಲ್ಜೀಬ್ರಾ' ಬಂತು. ಇಂದು ಎಲ್ಲ ಆ್ಯಪ್‌ಗಳ ಬೆನ್ನೆಲುಬಾಗಿರುವ 'ಅಲ್ಗಾರಿದಮ್' ಎಂಬ ಪದ ಹುಟ್ಟಿದ್ದು ಅವರ ಹೆಸರಿನಿಂದಲೇ.

ಮೊಬೈಲನ್ನು ಕೇಳಿದರೆ ಕ್ಷಣದಲ್ಲಿ 3 ಎನ್ನುತ್ತದೆ. ಅಲ್ ಖ್ವಾರಿಝ್ಮಿ ಮೊದಲು ಕ್ರಮವನ್ನು ಹೇಳಿದರು: ಹತ್ತರ ಅರ್ಧ 5, ಅದರ ವರ್ಗ 25, 39ಕ್ಕೆ 25 ಸೇರಿಸಿದರೆ 64, ಅದರ ವರ್ಗಮೂಲ 8, ಅದರಲ್ಲಿ 5 ಕಳೆದರೆ 3. ಅವರು ಇಷ್ಟಕ್ಕೆ ನಿಲ್ಲಿಸಲಿಲ್ಲ. 25ನ್ನು ಏಕೆ ಸೇರಿಸಬೇಕೆಂದು ಚಿತ್ರದ ಮೂಲಕ ತೋರಿಸಿಕೊಟ್ಟರು.

ತರಗತಿಯಲ್ಲಿ ನಾನು ಇದನ್ನು ಕಾಗದದಲ್ಲಿ ಮಾಡಿಸುತ್ತೇನೆ. ಒಂದು ಚೌಕ ಕತ್ತರಿಸಿ, ಅದರ ಅಕ್ಕಪಕ್ಕದ ಎರಡು ಬದಿಗಳಿಗೆ 5 ಅಗಲದ ಎರಡು ಪಟ್ಟಿಗಳನ್ನು ಜೋಡಿಸಬೇಕು. "ಟೀಚರ್, ಒಂದು ಮೂಲೆ ಖಾಲಿ ಉಳೀತು" ಎಂದು ಯಾರಾದರೂ ಒಬ್ಬಳು ಹೇಳುತ್ತಾಳೆ. ಆ ಖಾಲಿ ಮೂಲೆಯೇ 5 ಗುಣಿಸು 5, ಅಂದರೆ 25. ಅದನ್ನು ತುಂಬಿದರೆ ದೊಡ್ಡ ಚೌಕ ಪೂರ್ತಿಯಾಗುತ್ತದೆ. ಇದನ್ನು ಕಣ್ಣಾರೆ ಕಂಡವಳಿಗೆ ಸೂತ್ರವನ್ನು ಉರುಹೊಡೆಯುವ ಅಗತ್ಯವಿಲ್ಲ.

ಕಂಪ್ಯೂಟರಿನ ಸರದಿ ಆ ಮೇಲೆ. ಜಿಯೋಜೀಬ್ರಾ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಆಸ್ಟ್ರಿಯಾದ ಮಾರ್ಕುಸ್ ಹೊಹೆನ್‌ವಾರ್ಟರ್ ಅದನ್ನು 2001-02ರ ಹೊತ್ತಿಗೆ ರೂಪಿಸಿದರು. ಅದರಲ್ಲಿ ಹತ್ತರ ಜಾಗದಲ್ಲಿ 6 ಇಟ್ಟರೆ ಪಟ್ಟಿ ಕಿರಿದಾಗುತ್ತದೆ, 14 ಇಟ್ಟರೆ ಅಗಲವಾಗುತ್ತದೆ. ಮೂಲೆಯೂ ಜೊತೆಗೇ ಬದಲಾಗುತ್ತದೆ. ಕಾಗದದಿಂದ ಇದು ಸಾಧ್ಯವಿಲ್ಲ. ನಮ್ಮ ರಾಜ್ಯದ ಪ್ರೌಢಶಾಲಾ ಗಣಿತ ಶಿಕ್ಷಕರಿಗೂ ಇದರ ತರಬೇತಿ ನೀಡಲಾಗಿದೆ. ಡಿ.ಎಸ್.ಇ.ಆರ್.ಟಿ. ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಹೆಸರಿನಲ್ಲಿ ಪಾಠ ಸಾಮಗ್ರಿಗಳನ್ನು ಒದಗಿಸಿವೆ.

ಯಂತ್ರಕ್ಕೆ ಒಪ್ಪಿಸಬಹುದಾದ ಇನ್ನೊಂದು ಕೆಲಸ ನಮ್ಮ ಅಳಿವೆಯ ದಂಡೆಯಲ್ಲೇ ಇದೆ. ಸೀತಾ ಮತ್ತು ಸ್ವರ್ಣಾ ನದಿಗಳು ಸಮುದ್ರ ಸೇರುವ ಊರು ನಮ್ಮದು. ಹಗಲಿನಲ್ಲಿ ನೀರು ಪೂರ್ತಿ ಏರುವ ಹೊತ್ತನ್ನು ಕೆಲವು ದಿನ ಬರೆದಿಟ್ಟರೆ, ಅದು ದಿನಕ್ಕೆ ಸರಾಸರಿ ಸುಮಾರು 50 ನಿಮಿಷ ತಡವಾಗುವುದು ತಿಳಿಯುತ್ತದೆ. ಮೀನುಗಾರಿಕೆಯ ಮನೆಯ ಮಕ್ಕಳಿಗೆ ಇದು ಮೊದಲೇ ಗೊತ್ತು. ಅದನ್ನೇ ಗ್ರಾಫ್ ಮಾಡಿ ಬರೆಯಬಹುದೆಂಬುದು ಗೊತ್ತಿಲ್ಲ. ಮೊದಲ ಗ್ರಾಫನ್ನು ಕೈಯಿಂದಲೇ ಬರೆಯಬೇಕು. ತಿಂಗಳ ಲೆಕ್ಕವನ್ನು ಕಂಪ್ಯೂಟರ್ ಬರೆಯಲಿ. ಆಗ ಉಳಿದ ಸಮಯದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಏಕೆ ಹೆಚ್ಚು ಎಂದು ಚರ್ಚಿಸಬಹುದು.

ಆದರೆ ಮಗ್ಗಿ ಮತ್ತು ಅಂದಾಜನ್ನು ಯಾವ ಯಂತ್ರಕ್ಕೂ ಬಿಟ್ಟುಕೊಡಬಾರದು. 198ನ್ನು 5ರಿಂದ ಗುಣಿಸಿದರೆ ಸಾವಿರಕ್ಕೆ ಸ್ವಲ್ಪ ಕಡಿಮೆ ಎಂದು ಮೊದಲೇ ಊಹಿಸಿದ ಮಗು, ಬೆರಳು ತಪ್ಪಿ ಒಂದು 9 ಹೆಚ್ಚು ಒತ್ತಿ ಕ್ಯಾಲ್ಕುಲೇಟರ್ 9990 ತೋರಿಸಿದಾಗ ಬೆಚ್ಚಿ ಬೀಳುತ್ತದೆ. ಊಹಿಸದ ಮಗು ಅದನ್ನೇ ಬರೆದುಕೊಳ್ಳುತ್ತದೆ.

"ನಾನು ಓದಿದವಳಲ್ಲ, ಇದೆಲ್ಲ ನನಗೆಲ್ಲಿ ತಿಳಿಯುತ್ತದೆ?" ಎಂದು ತಾಯಂದಿರು ಹೇಳುವುದುಂಟು. ಸಹೋದರಿಯರೇ, ಇದಕ್ಕೆ ನಿಮಗೆ ಗಣಿತ ಬರಬೇಕಾಗಿಲ್ಲ. ಮಗ ಅಥವಾ ಮಗಳು ಮೊಬೈಲ್ ಹಿಡಿದು ಲೆಕ್ಕಕ್ಕೆ ಕುಳಿತಾಗ ಮೂರು ಪ್ರಶ್ನೆ ಕೇಳಿ. ಉತ್ತರ ನೋಡುವ ಮೊದಲು ಎಷ್ಟು ಬರಬಹುದೆಂದು ಅಂದಾಜು ಮಾಡಿದೆಯಾ? ಹೀಗೇ ಏಕೆ ಬಂತೆಂದು ನನಗೆ ಅರ್ಥವಾಗುವಂತೆ ಹೇಳುತ್ತೀಯಾ? ಮೊಬೈಲನ್ನು ಬದಿಗಿಟ್ಟು ಇಂಥದೇ ಇನ್ನೊಂದು ಲೆಕ್ಕ ಮಾಡುತ್ತೀಯಾ?

ಮೀನು ಕೊಳ್ಳುವಾಗ, ಬಟ್ಟೆ ಅಳೆಸುವಾಗ ಲೆಕ್ಕ ತಪ್ಪಿದರೆ ತಕ್ಷಣ ಹಿಡಿಯುವವರು ನೀವು. ಮಗು ತಡವರಿಸಿದರೆ ನಿಮಗೆ ಗೊತ್ತಾಗದೇ ಇರುವುದಿಲ್ಲ. ತಡವರಿಸಿದ ಕಡೆ ಗುರುತು ಹಾಕಿ ಮರುದಿನ ಶಾಲೆಗೆ ಕಳುಹಿಸಿ. ಅಲ್ಲಿಂದ ಮುಂದಿನದು ಶಿಕ್ಷಕರ ಕೆಲಸ.