ಬೀದರಿಗೆ ಬಂದವರು, ಬೀದರಿನಿಂದ ಹೋದವರು

ಮೆಹಕರ ಭಾಲ್ಕಿ ತಾಲ್ಲೂಕಿನ ಗಡಿಯ ಊರು. ಮಹಾರಾಷ್ಟ್ರ ಅಲ್ಲಿಂದ ಕೂಗಳತೆಯ ದೂರ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ ಸ್ಟ್ಯಾಂಡಿನಲ್ಲಿ ಉರ್ದು ಆಡಿಕೊಂಡು ಬೆಳೆದ ಇಲ್ಲಿನ ಹುಡುಗ ಹುಡುಗಿಯರು ಡಿಗ್ರಿ ಮುಗಿಸಿದರೆ ಕಣ್ಣು ಹಾಯುವುದು ಹೈದರಾಬಾದ್, ಪುಣೆ, ಬೆಂಗಳೂರಿನ ಕಡೆಗೆ. ಔರಾದ್, ಕಮಲನಗರದ ಕಡೆಯೂ ಇದೇ ಮಾತು. ಬೀದರಿಗೆ ಹೋಗುವುದು ಕಚೇರಿ ಕೆಲಸಕ್ಕೆ, ಕೋರ್ಟಿಗೆ, ಆಸ್ಪತ್ರೆಗೆ. ಬದುಕು ಕಟ್ಟಿಕೊಳ್ಳಲು ಬೀದರಿಗೆ ಹೊರಟೆ ಎನ್ನುವವರು ವಿರಳ.

ಐದೂವರೆ ಶತಮಾನದ ಹಿಂದೆ ಜನ ಇದೇ ಬೀದರಿಗೆ ಸಮುದ್ರ ದಾಟಿ ಬರುತ್ತಿದ್ದರು.

ಹಾಗೆ ಬಂದವರಲ್ಲಿ ಒಬ್ಬ ಅಫನಾಸಿ ನಿಕಿತಿನ್. ರಷ್ಯಾದ ವೋಲ್ಗಾ ನದಿಯ ದಂಡೆಯಲ್ಲಿರುವ ತ್ವೇರ್ ಪಟ್ಟಣದ ವ್ಯಾಪಾರಿ. 1470ರ ಆಸುಪಾಸಿನಲ್ಲಿ ಹೊರ್ಮುಜ್‌ನಿಂದ ಒಂದು ಕುದುರೆಯನ್ನು ಹಡಗಿಗೆ ಹತ್ತಿಸಿಕೊಂಡು ಕೊಂಕಣದ ಚೌಲ್ ಬಂದರಿಗೆ ಬಂದಿಳಿದ. ಜುನ್ನರದಲ್ಲಿ ಅಲ್ಲಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತಾಂತರವಾದರೆ ಕುದುರೆಯ ಜೊತೆಗೆ ಸಾವಿರ ಹೊನ್ನು ಕೊಡುವುದಾಗಿ ಹೇಳಿದ. ಖುರಾಸಾನದಿಂದ ಬಂದಿದ್ದ ಒಬ್ಬ ಖ್ವಾಜಾ ನಡುವೆ ಬಂದು ಮಾತಾಡಿದ ಮೇಲೆ ಕುದುರೆ ವಾಪಸ್ ಸಿಕ್ಕಿತು. ನಿಕಿತಿನ್ ಅದನ್ನು ಬೀದರಿಗೆ ತಂದು ಮಾರಿದ. ಆಳಂದದ ಜಾತ್ರೆಯಲ್ಲಿ ಇಪ್ಪತ್ತು ಸಾವಿರದಷ್ಟು ಕುದುರೆ ಬಿಕರಿಯಾಗುತ್ತವೆ ಎಂದು ತನ್ನ ಪ್ರವಾಸದ ಟಿಪ್ಪಣಿಯಲ್ಲಿ ಬರೆದಿಟ್ಟ. ಇವತ್ತಿನ ಕಲಬುರಗಿ ಜಿಲ್ಲೆಯ ಅದೇ ಆಳಂದ.

ಕುದುರೆ ಎಂದರೆ ಆ ಕಾಲದ ಬಂಡವಾಳ. ದಖನ್ನಿನಲ್ಲಿ ಒಳ್ಳೆಯ ತಳಿ ಇರಲಿಲ್ಲ, ಅರಬ್ ಮತ್ತು ಇರಾನಿನ ಕುದುರೆಯಿಲ್ಲದೆ ಸೈನ್ಯ ನಡೆಯುತ್ತಿರಲಿಲ್ಲ. ಕುದುರೆ ತಂದವನ ಹಿಂದೆ ಹಣ ಬಂತು, ಹಣದ ಹಿಂದೆ ಲೆಕ್ಕ ಬಲ್ಲವರು, ವೈದ್ಯರು, ಶಿಲ್ಪಿಗಳು, ಕವಿಗಳು ಬಂದರು. ಬಸ್ರಾದ ಕುದುರೆ ವ್ಯಾಪಾರಿ ಖಲಫ್ ಹಸನ್ 1422ರಲ್ಲಿ ಅಹ್ಮದ್ ಶಾಹ ಬಹಮನಿ ಪಟ್ಟಕ್ಕೇರಲು ನೆರವಾದ. ಅದಕ್ಕಾಗಿ ಅವನಿಗೆ ಸಿಕ್ಕ ಬಿರುದು ಮಲಿಕ್‌ ಉತ್‌ ತುಜ್ಜಾರ್, ಅಂದರೆ ವ್ಯಾಪಾರಿಗಳ ದೊರೆ. ವ್ಯಾಪಾರಿಯನ್ನು ದರ್ಬಾರಿನಲ್ಲಿ ಮೊದಲ ಸಾಲಿನಲ್ಲಿ ಕೂರಿಸಿದ ರಾಜ್ಯವದು.

ಕಲಬುರಗಿಯಿಂದ ಬೀದರಿಗೆ ರಾಜಧಾನಿ ತಂದ ಅಹ್ಮದ್ ಶಾಹ ಬರೀ ಕೋಟೆ ಕಟ್ಟಿ ಸುಮ್ಮನಾಗಲಿಲ್ಲ. ಇರಾನಿನ ಸೂಫಿ ಸಂತ ಶಾಹ ನಿಯಾಮತುಲ್ಲಾ ಅವರಿಗೆ ಬೀದರಿಗೆ ಬನ್ನಿ ಎಂದು ಕರೆ ಕಳಿಸಿದ. ಸಂತರು ತಾವು ಬರದೆ ಮೊಮ್ಮಗನನ್ನು ಕಳಿಸಿದರು. ಆಮೇಲೆ ಮನೆತನವೇ ಇಲ್ಲಿ ನೆಲೆಸಿತು. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿ ಆ ಮನೆತನದ ಗೋರಿ. ನೌಬಾದಿನ ಕರೇಜ್‌ನಲ್ಲಿ ನೆಲದಡಿಯ ಕಾಲುವೆಯಿದೆ, ಅದಕ್ಕೆ ಗಾಳಿಬೆಳಕು ಬಿಡಲು ಸಾಲಾಗಿ ತೋಡಿದ ಬಾವಿಗಳಿವೆ. ಅದು ಇರಾನಿನ ಬರಡು ನೆಲದಲ್ಲಿ ಕಲಿತ ಜ್ಞಾನ, ಬೀದರಿನ ಜಂಬಿಟ್ಟಿಗೆಯಲ್ಲಿ ಕೆಲಸಕ್ಕೆ ಬಂತು. ಹೊಸಬರು ಬಂದರೆ ಊರಿಗೆ ಏನು ಲಾಭ ಎಂದು ಕೇಳುವವರು ನೌಬಾದಿಗೆ ಹೋಗಿ ಆ ಬಾವಿಗಳಲ್ಲಿ ಬಗ್ಗಿ ನೋಡಬಹುದು.

ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗಿಲಾನಿನ ಮಹಮೂದ್ ಗವಾನ್ 1453ರಲ್ಲಿ ದಾಭೋಳ ಬಂದರಿನಲ್ಲಿ ಇಳಿದಾಗ ಅವನೂ ವ್ಯಾಪಾರಿಯೇ. ಬಂದವನು ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಬೀದರಿನ ನಡುವೆ ಮದರಸಾ ಕಟ್ಟಿಸಿದ. ಮೂರು ಅಂತಸ್ತು, ಮಧ್ಯೆ ಅಂಗಳ, ಸುತ್ತಲೂ ವಿದ್ಯಾರ್ಥಿಗಳ ಕೋಣೆ, ಪುಸ್ತಕ ಭಂಡಾರ. ಊಟ ವಸತಿ ಪುಕ್ಕಟೆ, ಗುರುಗಳಿಗೆ ಸಂಬಳ. ಹದಿನೇಳನೆಯ ಶತಮಾನದ ಕೊನೆಗೆ ಔರಂಗಜೇಬನ ಸೈನ್ಯದ ಕಾಲದಲ್ಲಿ ಮದ್ದಿನ ಪುಡಿ ಸಿಡಿದು ಕಟ್ಟಡದ ಮುಂಭಾಗ ಕುಸಿಯಿತು. ಮುಂದಿದ್ದ ಎರಡು ಮಿನಾರುಗಳಲ್ಲಿ ಈಗ ಉಳಿದಿರುವುದು ಒಂದೇ. ಅದರ ಮೈಮೇಲೆ ಅಂಕುಡೊಂಕಿನ ಪಟ್ಟಿಯಾಗಿ ಕೂಡಿಸಿದ ಬಣ್ಣದ ಹೆಂಚಿನ ಚೂರುಗಳು ಬಹಳಷ್ಟು ಉದುರಿವೆ, ಉಳಿದವು ಬಿಸಿಲಿಗೆ ಇನ್ನೂ ಹೊಳೆಯುತ್ತವೆ. ಈ ಮದರಸಾಕ್ಕೆ ಗವಾನ್ ಪರ್ಷಿಯಾದಿಂದಲೂ ಹೆರಾತಿನಿಂದಲೂ ಪಂಡಿತರನ್ನು ಕರೆದ. ಹೆಸರಾಂತ ಕವಿ ಜಾಮಿಗೂ ಆಹ್ವಾನ ಹೋಗಿತ್ತು. ಜಾಮಿ ಬರಲಿಲ್ಲ, ಆದರೆ ಇಬ್ಬರ ನಡುವೆ ಪತ್ರಗಳು ಓಡಾಡಿದವು.

ದೊಡ್ಡ ನಗರಗಳು ಜಾಣರನ್ನೂ ಹಣವನ್ನೂ ಹೇಗೆ ಸೆಳೆಯುತ್ತವೆ ಎಂಬ ಪ್ರಶ್ನೆಗೆ ಇವತ್ತಿನ ಅಧಿಕಾರಿಗಳು ಕೊಡುವ ಉತ್ತರ ಸಾಮಾನ್ಯವಾಗಿ ತೆರಿಗೆ ವಿನಾಯಿತಿ, ಅಗ್ಗದ ಜಮೀನು, ಹೂಡಿಕೆದಾರರ ಸಮಾವೇಶ. ಗವಾನ್ ಹಿಡಿದ ದಾರಿ ಬೇರೆ. ಮೊದಲು ಗುರುಗಳನ್ನು ಕೂಡಿಸಿದ. ಬೆಂಗಳೂರಿನ ಚರಿತ್ರೆಯೂ ಅದನ್ನೇ ಹೇಳುತ್ತದೆ. 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, 1940ರಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್, ಆಮೇಲೆ ಸಾಲುಸಾಲಾಗಿ ಸಾರ್ವಜನಿಕ ಕಾರ್ಖಾನೆಗಳು, ಇಂಜಿನಿಯರಿಂಗ್ ಕಾಲೇಜುಗಳು. ಅವು ಇದ್ದವೆಂದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, 2004ರಲ್ಲಿ ನ್ಯೂಯಾರ್ಕಿನ ಗೋಲ್ಡ್‌ಮನ್ ಸ್ಯಾಕ್ಸ್ ಕಚೇರಿ ತೆರೆಯಿತು. ವಿಜ್ಞಾನ ಸಂಸ್ಥೆಗೆ ಮೈಸೂರು ಸಂಸ್ಥಾನ ಜಾಗ ಕೊಟ್ಟಿದ್ದಕ್ಕೂ ವಾಲ್‌ಸ್ಟ್ರೀಟಿನ ಬ್ಯಾಂಕು ಬಂದಿದ್ದಕ್ಕೂ ನಡುವೆ ಸುಮಾರು ನೂರು ವರ್ಷ. ಐದು ವರ್ಷದ ಸರಕಾರಕ್ಕೆ ಈ ಲೆಕ್ಕ ರುಚಿಸುವುದಿಲ್ಲ, ಆದರೂ ಲೆಕ್ಕ ಇದೇ.

ಇನ್ನೊಂದು ಅಂಶ ನಿಕಿತಿನ್‌ನ ಕುದುರೆಯಲ್ಲಿದೆ. ಅವನ ಸ್ವತ್ತು ಅವನಿಗೆ ಮರಳಿ ಸಿಕ್ಕಿದ್ದು ಕಾನೂನಿನಿಂದಲ್ಲ, ಒಬ್ಬ ದೊಡ್ಡ ಮನುಷ್ಯನ ಶಿಫಾರಸಿನಿಂದ. ಆ ಖ್ವಾಜಾ ಆ ದಿನ ಜುನ್ನರದಲ್ಲಿ ಇರದಿದ್ದರೆ? ಹಣ ಹಾಕುವವನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಇದಕ್ಕೇ. ಸಿಂಗಪುರ 1968ರಲ್ಲಿ ಏಷ್ಯನ್ ಡಾಲರ್ ಮಾರುಕಟ್ಟೆ ತೆರೆದಾಗ ಅದು ಸ್ವತಂತ್ರವಾಗಿ ಮೂರು ವರ್ಷವಾಗಿತ್ತಷ್ಟೆ. ಹೊರದೇಶದವರ ಠೇವಣಿಯ ಬಡ್ಡಿ ಮೇಲಿನ ತೆರಿಗೆಯನ್ನು ಕೈಬಿಟ್ಟಿತು, ನಿಜ. ಆದರೆ ಆ ಮಾತನ್ನು ಮುಂದಿನ ವರ್ಷಗಳಲ್ಲಿ ಮುರಿಯಲಿಲ್ಲ. ದುಬೈ 2004ರಲ್ಲಿ ಹಣಕಾಸು ಕೇಂದ್ರ ಮಾಡಿದಾಗ ಆ ಪ್ರದೇಶಕ್ಕೆಂದೇ ಇಂಗ್ಲಿಷ್ ಕಾನೂನಿನ ಮಾದರಿಯ ಬೇರೆ ನ್ಯಾಯಾಲಯ ಕೊಟ್ಟಿತು. ಜಗಳ ಬಂದರೆ ಯಾರ ಮುಂದೆ ನಿಲ್ಲಬೇಕು, ಯಾವ ಕಾಯ್ದೆ ನಡೆಯುತ್ತದೆ ಎನ್ನುವುದು ಬಂದವನಿಗೆ ಮೊದಲೇ ಗೊತ್ತಿರಬೇಕು.

ಬೀದರ್ ಸೋತದ್ದು ಇಲ್ಲೇ. ಮೊದಲಿನಿಂದ ನೆಲೆಸಿದ್ದ ದಖನಿಗಳಿಗೂ ಹೊಸದಾಗಿ ಹಡಗಿಳಿದ ಆಫಾಕಿಗಳಿಗೂ ನಡುವೆ ಹಗೆ ಬೆಳೆಯಿತು. ದಖನಿಗಳ ಕೋಪಕ್ಕೆ ಕಾರಣವಿತ್ತು. ದೊಡ್ಡ ಹುದ್ದೆಗಳು, ಜಾಗೀರುಗಳು ಹೊಸಬರ ಪಾಲಾಗುತ್ತಿದ್ದವು. ನಿಕಿತಿನ್ ಕೂಡ ಗಮನಿಸಿದ್ದಾನೆ: ಈ ನಾಡಿನಲ್ಲಿ ಜನ ಬಹಳ, ಸರದಾರರು ವೈಭವದಲ್ಲಿ ಮೆರೆಯುತ್ತಾರೆ, ಹಳ್ಳಿಗರ ಪಾಡು ಮಾತ್ರ ದೈನ್ಯ. ದೀಪದ ಬುಡದಲ್ಲಿ ಕತ್ತಲೆ ಇತ್ತು. ಆದರೆ ಆ ಕೋಪ ಹೊರಬಿದ್ದ ರೀತಿ ಭಯಂಕರ. 1447ರ ಹೊತ್ತಿಗೆ ಕೊಂಕಣದ ಕಾಳಗದಲ್ಲಿ ಸೋತು ಚಾಕಣದ ಕೋಟೆ ಸೇರಿದ್ದ ಆಫಾಕಿಗಳನ್ನು ನಂಬಿಸಿ ಹೊರಕ್ಕೆ ಕರೆದು ಕೊಂದರು. ಇವತ್ತು ಪುಣೆಯ ಪಕ್ಕದ ಅದೇ ಚಾಕಣ ಕಾರು, ಟ್ರಕ್ ಕಾರ್ಖಾನೆಗಳ ಊರು, ಗಡಿ ಜಿಲ್ಲೆಗಳ ಐಟಿಐ ಹುಡುಗರು ಕೆಲಸ ಕೇಳಿಕೊಂಡು ಹೋಗುವ ಊರು.

ಗವಾನ್ ಈ ಒಡಕನ್ನು ಬಲ್ಲವನಾಗಿದ್ದ. ನಾಲ್ಕಿದ್ದ ಪ್ರಾಂತ್ಯಗಳನ್ನು ಎಂಟು ಮಾಡಿ, ಎರಡೂ ಬಣಗಳಿಗೆ ಅಧಿಕಾರ ಹಂಚಿದ, ಭೂಮಿ ಅಳೆಸಿದ, ಸರದಾರರ ಕೈಯಲ್ಲಿದ್ದ ಕೋಟೆಗಳನ್ನು ಕಡಿಮೆ ಮಾಡಿದ. ಅದರಿಂದಲೇ ಶತ್ರುಗಳು ಹೆಚ್ಚಿದರು. ಅವನ ಮೊಹರು ಬಿದ್ದ ಖೋಟಾ ಪತ್ರವೊಂದನ್ನು ಸುಲ್ತಾನನ ಮುಂದಿಟ್ಟರು. ಒಡಿಶಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದಂತೆ ಅದರಲ್ಲಿ ಬರೆದಿತ್ತು. 1481ರ ಏಪ್ರಿಲ್ 5ರಂದು, ವಿಚಾರಣೆ ಎಂಬುದೇ ಇಲ್ಲದೆ, ಎಪ್ಪತ್ತರ ಮುದುಕನ ತಲೆ ಹಾರಿತು. ಸುಲ್ತಾನ ಮೂರನೆಯ ಮುಹಮ್ಮದ್ ಮರುಗಿ ಮರುವರ್ಷ ಸತ್ತ.

ನಂಬಿಕೆ ಹೋದ ಮೇಲೆ ಜನ ನಿಲ್ಲಲಿಲ್ಲ. ಗವಾನನ ಆಶ್ರಯದಲ್ಲಿ ಬೆಳೆದ ಯೂಸುಫ್ ಆದಿಲ್ ಖಾನ್ ವಿಜಯಪುರದಲ್ಲಿ ಸ್ವಂತ ರಾಜ್ಯ ಕಟ್ಟಿದ. ಇರಾನಿನ ಹಮದಾನ್ ಕಡೆಯಿಂದ ಬಂದು ಬೀದರಿನಲ್ಲಿ ಚಾಕರಿ ಮಾಡುತ್ತಿದ್ದ ಕುಲೀ ಕುತುಬ್ ಗೋಲ್ಕೊಂಡ ಹಿಡಿದ. ಅವನ ವಂಶದವರೇ 1591ರಲ್ಲಿ ಹೈದರಾಬಾದ್ ಕಟ್ಟಿದರು. ಬೀದರಿನಿಂದ ಹೈದರಾಬಾದಿಗೆ ಹರಿಯುವ ಪ್ರತಿಭೆಯ ದಾರಿ ನಿನ್ನೆ ಮೊನ್ನೆ ಬಿದ್ದದ್ದಲ್ಲ.

ದಖನಿ ಆಫಾಕಿ ಜಗಳ ಹೆಸರು ಬದಲಿಸಿ ಈಗಲೂ ಬರುತ್ತದೆ. 2024ರ ಜುಲೈನಲ್ಲಿ ಕರ್ನಾಟಕ ಸಚಿವ ಸಂಪುಟ ಖಾಸಗಿ ಉದ್ಯಮದ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಉದ್ಯಮದವರು ಗದ್ದಲವೆಬ್ಬಿಸಿದರು, ಆಂಧ್ರದ ಸಚಿವ ನಾರಾ ಲೋಕೇಶ್ ವಿಶಾಖಪಟ್ಟಣಕ್ಕೆ ಬನ್ನಿ ಎಂದು ಕಂಪನಿಗಳನ್ನು ಕರೆದರು, ಎರಡೇ ದಿನದಲ್ಲಿ ಮಸೂದೆಯನ್ನು ತಡೆಹಿಡಿಯಲಾಯಿತು. ಆ ಚರ್ಚೆಯಲ್ಲಿ ಎರಡು ಗುಂಪಷ್ಟೇ ಮಾತಾಡಿದವು: ಹೊರಗಿನವರು ಬೇಡ ಎನ್ನುವವರು, ಪ್ರತಿಭೆಗೆ ಗಡಿಯಿಲ್ಲ ಎನ್ನುವವರು. ಮೆಹಕರದ ಹುಡುಗಿಗೆ ಎರಡೂ ಮಾತಿನಿಂದ ಏನೂ ಸಿಗಲಿಲ್ಲ. ಅವಳು ಬೆಂಗಳೂರಿಗೆ ಸ್ಥಳೀಯಳು, ತನ್ನ ಊರಿಗೆ ಇನ್ನೂ ಹತ್ತಿರವಿರುವ ಹೈದರಾಬಾದಿಗೆ ಹೊರಗಿನವಳು. ಸಂವಿಧಾನದ 371(ಜೆ) ಕಲಂ ಅವಳಿಗೆ ಸೀಟು ಕೊಡುತ್ತದೆ, ಸರಕಾರಿ ಹುದ್ದೆಯಲ್ಲಿ ಪಾಲು ಕೊಡುತ್ತದೆ. ಖಾಸಗಿ ಕಂಪನಿಯ ಬಾಗಿಲಿಗೆ ಅದು ತಲುಪುವುದಿಲ್ಲ.

ಈ ಜಗಳಕ್ಕೆ ಬೀದರಿನಲ್ಲೇ ಒಂದು ಹಳೆಯ ಪರಿಹಾರವಿದೆ, ಅದು ಬಿದರಿ ಕೆಲಸ. ಈ ಕಸಬು ಇರಾನಿನ ಕುಶಲಕರ್ಮಿಗಳ ಜೊತೆ ಬಂತು ಎನ್ನುತ್ತಾರೆ. ಸತುವಿಗೆ ತುಸು ತಾಮ್ರ ಬೆರೆಸಿ ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಮೈಲುತುತ್ತ ಸವರಿ ಮೇಲ್ಮೈ ಕಪ್ಪು ಮಾಡಿ, ಚೂಪು ಮೊನೆಯಿಂದ ಬಳ್ಳಿ ಬಿಡಿಸಿ, ಉಳಿಯಿಂದ ಕೊರೆದು, ಆ ಗೀರಿನಲ್ಲಿ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಉಜ್ಜಿದ ಮೇಲೆ ಬೆಳ್ಳಿ, ಸತು ಎರಡೂ ಒಂದೇ ಬಣ್ಣ, ಬಳ್ಳಿ ಕಾಣುವುದೇ ಇಲ್ಲ. ಆಗ ಬೇಕಾಗುವುದು ಬೀದರ್ ಕೋಟೆಯ ಹಳೆಯ ಮಣ್ಣು. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚಿದರೆ ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕುಶಲಕರ್ಮಿಗಳು ಆ ಮಣ್ಣನ್ನು ನಾಲಗೆಗೆ ಇಟ್ಟು ರುಚಿ ನೋಡಿ ಆರಿಸುತ್ತಾರೆ. ಸಮುದ್ರದಾಚೆಯ ವಿದ್ಯೆ, ಇಲ್ಲಿಯ ಮಣ್ಣು. ತಲೆಮಾರಿನಿಂದ ತಲೆಮಾರಿಗೆ ಊರಿನವರಿಗೇ ಕಲಿಸಿದ್ದರಿಂದ ಕಸಬು ಉಳಿಯಿತು, 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆಯಿತು, 2023ರಲ್ಲಿ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದಿತು. ಹೊರಗಿನಿಂದ ಬರುವ ಕಂಪನಿಗೆ ಸರಕಾರ ಹಾಕಬೇಕಾದ ಷರತ್ತು ಇದೇ: ಇಷ್ಟು ಜನ ಸ್ಥಳೀಯರನ್ನು ಇಟ್ಟುಕೊಳ್ಳಿ ಎನ್ನುವುದಕ್ಕಿಂತ, ಇಷ್ಟು ಜನಕ್ಕೆ ಸಂಬಳ ಕೊಟ್ಟು ಕೆಲಸ ಕಲಿಸಿ ಎಂದು.

2024ರ ಕೊನೆಗೆ ರಾಜ್ಯ ಸರಕಾರ ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಸಾಮರ್ಥ್ಯ ಕೇಂದ್ರಗಳಿಗೆಂದು ನೀತಿ ಹೊರಡಿಸಿತು. 2029ರೊಳಗೆ ಹೊಸದಾಗಿ 500 ಕೇಂದ್ರ, ಮೂರೂವರೆ ಲಕ್ಷ ಉದ್ಯೋಗ ಅದರ ಗುರಿ. ಅದರಲ್ಲಿ ಬೀದರಿಗೆ ಒಂದು ಬಹುಮಹಡಿ ಟೆಕ್ ಪಾರ್ಕ್ ಕೊಡಿ ಎಂದು ಕೇಳುವುದು ಸುಲಭ, ಆದರೆ ಖಾಲಿ ಕಟ್ಟಡದಿಂದ ಯಾರಿಗೂ ಉಪಯೋಗವಿಲ್ಲ. ಬೀದರಿನ ನಿಜವಾದ ಬಲ ಬೇರೆ ಕಡೆ ಇದೆ. 1989ರಲ್ಲಿ ಸಣ್ಣದಾಗಿ ಶುರುವಾದ ಶಾಹೀನ್ ಶಿಕ್ಷಣ ಸಂಸ್ಥೆಗೆ ಇವತ್ತು ನೀಟ್ ತಯಾರಿಗೆಂದು ಹಲವು ರಾಜ್ಯಗಳ ಮಕ್ಕಳು ಬರುತ್ತಾರೆ, ಅವರಿಗೆ ಕಲಿಸಲು ಹೊರಗಿನ ಶಿಕ್ಷಕರೂ ಬರುತ್ತಾರೆ. ಇಲ್ಲಿನ ಡಿಸಿಸಿ ಬ್ಯಾಂಕ್ ಮಹಿಳಾ ಸ್ವಸಹಾಯ ಗುಂಪುಗಳಿಗೆ ಸಾಲ ಕೊಡುವ ಕೆಲಸದಲ್ಲಿ ಸಹಕಾರಿ ವಲಯಕ್ಕೆ ದಾರಿ ತೋರಿಸಿತ್ತು. ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಬೀದರಿನಲ್ಲೂ ಭಾಲ್ಕಿಯಲ್ಲೂ ಹಳೆಯ ಇಂಜಿನಿಯರಿಂಗ್ ಕಾಲೇಜುಗಳಿವೆ.

ಎಲ್ಲಕ್ಕಿಂತ ಮುಖ್ಯ ಭೂಗೋಳ. ಬೀದರಿನಿಂದ ಹೊರಟ ಬಸ್ಸು ಜಹೀರಾಬಾದ್, ಸಂಗಾರೆಡ್ಡಿ, ಪಟಾನಚೆರು ದಾಟಿ ಹೈದರಾಬಾದನ್ನು ಪಶ್ಚಿಮದಿಂದ ಹೊಗುತ್ತದೆ. ಬಹುರಾಷ್ಟ್ರೀಯ ಬ್ಯಾಂಕುಗಳ ಗಾಜಿನ ಕಟ್ಟಡಗಳಿರುವ ಗಚ್ಚಿಬೌಲಿ, ಫೈನಾನ್ಷಿಯಲ್ ಡಿಸ್ಟ್ರಿಕ್ಟ್ ಇರುವುದೂ ಆ ದಿಕ್ಕಿನಲ್ಲೇ. ಬೀದರಿನ ಪಕ್ಕದ ಜಹೀರಾಬಾದಿನಲ್ಲಿ ಕೈಗಾರಿಕಾ ನಗರ ಕಟ್ಟಲು ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿದೆ. ಕರ್ನಾಟಕದ ಯೋಜಕರ ಕಣ್ಣು ಬೆಂಗಳೂರಿನಿಂದ ಹೊರಟು ಸುಮಾರು ಏಳುನೂರು ಕಿಲೋಮೀಟರ್ ಬರುವಷ್ಟರಲ್ಲಿ ದಣಿದಿರುತ್ತದೆ. ಅವರು ಬೀದರನ್ನು ರಾಜ್ಯದ ಕೊನೆಯ ಜಿಲ್ಲೆಯಾಗಿ ನೋಡುವುದನ್ನು ಬಿಟ್ಟು ಹೈದರಾಬಾದಿನ ಪಶ್ಚಿಮ ಬಾಗಿಲಾಗಿ ನೋಡಿದರೆ ಕೇಳಬೇಕಾದ ಪಟ್ಟಿಯೇ ಬದಲಾಗುತ್ತದೆ. ಬೀದರಿನಿಂದ ಬೆಂಗಳೂರಿಗೆ ವಿಮಾನ 2020ರ ಫೆಬ್ರುವರಿಯಲ್ಲಿ ಶುರುವಾಯಿತು, ಆಮೇಲೆ ಒಂದಕ್ಕಿಂತ ಹೆಚ್ಚು ಬಾರಿ ನಿಂತು ಮತ್ತೆ ಶುರುವಾಯಿತು. ಹೀಗೆ ಆಡುವ ಸೇವೆಯನ್ನು ನಂಬಿ ಯಾವ ಕಂಪನಿಯೂ ಕಚೇರಿ ತೆರೆಯುವುದಿಲ್ಲ. ಅದರ ಬದಲು ಬೆಳಗಿನ ಕಚೇರಿ ಹೊತ್ತಿಗೆ ಲಿಂಗಂಪಳ್ಳಿ ಮುಟ್ಟಿಸಿ ರಾತ್ರಿ ಊಟಕ್ಕೆ ಭಾಲ್ಕಿಗೆ ಬಿಡುವ ವೇಗದ ರೈಲು ಬೇಕು. ಔರಾದಿಗೆ ರೈಲು ಹಳಿಯೇ ಇಲ್ಲ, ಅಲ್ಲಿಗೆ ಆ ರೈಲಿಗೆ ಹೊಂದುವ ಬಸ್ ಬೇಕು. ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷವನ್ನು ಗಚ್ಚಿಬೌಲಿಯ ಬ್ಯಾಂಕ್ ಕಚೇರಿಯಲ್ಲಿ ಸಂಬಳ ಸಹಿತ ಕಲಿಯುವ ಒಪ್ಪಂದ ಬೇಕು. ಗಡಿ ದಾಟಿದ ಕಾರಣಕ್ಕೆ ಆ ಮಕ್ಕಳ ವಿದ್ಯಾರ್ಥಿವೇತನ, ಹಾಸ್ಟೆಲ್ ಸೌಲಭ್ಯ ತಪ್ಪದಂತೆ ಎರಡು ರಾಜ್ಯಗಳ ಕಾರ್ಮಿಕ ಇಲಾಖೆಗಳು ಕೂತು ಮಾತಾಡಬೇಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ರಸ್ತೆ, ಕಟ್ಟಡಗಳಿಗೆ ಹೋಗುವಂತೆಯೇ ಈ ಕಲಿಕೆಗೂ ಹೋಗಬೇಕು. ಮುಂದಿನ ಬಜೆಟ್ಟಿಗೆ ಮುಂಚೆ ಜಿಲ್ಲೆಯ ಶಾಸಕರು, ಸಂಸದರು ಪಕ್ಷ ಮರೆತು ಒಂದೇ ಅರ್ಜಿಯಲ್ಲಿ ಇದನ್ನು ಬೆಂಗಳೂರಿಗೂ ಸಿಕಂದರಾಬಾದಿನ ರೈಲ್ವೆ ಕಚೇರಿಗೂ ಒಯ್ಯಲಿ.