ಕುರ್ಚಿ ನನ್ನದು, ಮೆಟ್ಟಿಲು ಯಾರದು?

ಕಳೆದ ರಾಜ್ಯೋತ್ಸವದ ಸಿದ್ಧತೆಗಳು ನಡೆದಿದ್ದ ದಿನಗಳಲ್ಲಿ ನಮ್ಮ ಸಂಘದ ಮೂವರು ಪದಾಧಿಕಾರಿಗಳು ಒಂದು ಭಾನುವಾರ ಬೆಳಿಗ್ಗೆ ನನ್ನ ಮನೆಗೆ ಬಂದರು. ಚಹಾ ಮುಗಿದ ಮೇಲೆ ಅಧ್ಯಕ್ಷರು ತುಸು ಸಂಕೋಚದಿಂದಲೇ ವಿಷಯಕ್ಕೆ ಬಂದರು. “ಸಾಹೇಬರೇ, ನೀವು ಆ ಗಾಲಿ ತಳ್ಳುವುದನ್ನು ನಮ್ಮಿಂದ ನೋಡಲಾಗುವುದಿಲ್ಲ. ಈ ಸಲದ ಸಮಾರಂಭದಲ್ಲಿ ನಿಮಗೊಂದು ಮೋಟಾರಿನ ಗಾಲಿಕುರ್ಚಿಯನ್ನು ವೇದಿಕೆಯ ಮೇಲೆ ಅರ್ಪಿಸಬೇಕೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ. ಇಲ್ಲವೆನ್ನಬಾರದು” ಎಂದರು. ನಾನು ಕೃತಜ್ಞತೆ ಹೇಳಿ, ಇಲ್ಲವೆಂದೆ.

ಮರುವಾರದಿಂದಲೇ ಸಂಘದ ವಲಯದಲ್ಲಿ ಮಾತುಗಳು ಹುಟ್ಟಿಕೊಂಡವು. ಅಧಿಕಾರಿಯ ಗತ್ತು ಎಂದರು ಕೆಲವರು. ಪುಕ್ಕಟೆ ಬಂದುದನ್ನೂ ಒಲ್ಲದ ಹಟಮಾರಿ ಎಂದರು ಇನ್ನು ಕೆಲವರು. ಕಾಲದೊಡನೆ ಹೆಜ್ಜೆ ಹಾಕಲಾರದ ಮನುಷ್ಯ ಎಂದು ಹಿರಿಯರೊಬ್ಬರು ಹೇಳಿದರಂತೆ. ಹೆಜ್ಜೆಯ ಮಟ್ಟಿಗೆ ಅವರ ಆರೋಪವನ್ನು ನಾನು ಅಕ್ಷರಶಃ ಒಪ್ಪಿಕೊಳ್ಳುತ್ತೇನೆ. ಆದರೆ ಸಂಘದ ತರುಣ ಇಂಜಿನಿಯರನೊಬ್ಬ ಯಾವ ಕುಹಕವೂ ಇಲ್ಲದೆ ನೇರವಾಗಿ ಕೇಳಿದ: “ಅಂಕಲ್, ಚಾಲಕನಿಲ್ಲದ ಕಾರು ಓಡಾಡುವ ಕಾಲದಲ್ಲಿ ನೀವಿನ್ನೂ ಕೈಯಿಂದ ಗಾಲಿ ತಿರುಗಿಸುತ್ತೀರಲ್ಲ, ಯಾಕೆ?” ಪ್ರಾಮಾಣಿಕವಾದ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ ಸಲ್ಲಬೇಕು. ಈ ಲೇಖನ ಆ ತರುಣನಿಗೆ ಕೊಡುವ ಉತ್ತರ. ಇಲ್ಲಿರುವ ಅಭಿಪ್ರಾಯಗಳು ನನ್ನವು, ನನ್ನ ಇಲಾಖೆಗೆ ಸಂಬಂಧಿಸಿದವಲ್ಲ ಎಂಬುದನ್ನು ಸರಕಾರಿ ನೌಕರನ ಅಭ್ಯಾಸಬಲದಿಂದ ಮೊದಲೇ ದಾಖಲಿಸಿಬಿಡುತ್ತೇನೆ.

ಇಂದಿನ ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ, ಎರಡೂವರೆ ವರ್ಷದ ನನ್ನನ್ನು ಒಂದು ರಾತ್ರಿಯ ಜ್ವರ ಹಿಡಿಯಿತು. ಜ್ವರ ಬಿಟ್ಟಾಗ ಕಾಲುಗಳು ಹೋಗಿದ್ದವು. ಭಾರತ ಪೋಲಿಯೋಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 2014ರ ಮಾರ್ಚ್‌ನಲ್ಲಿ ಪ್ರಮಾಣೀಕರಿಸಿದ ದಿನ ನಾನು ಮನಸಾರೆ ಸಂತೋಷಪಟ್ಟೆ. ಆದರೆ ರೋಗ ಹೋಯಿತೆಂದ ಮಾತ್ರಕ್ಕೆ ರೋಗವುಂಡವರು ಹೋಗಲಿಲ್ಲ. ಆ ತಲೆಮಾರಿನ ನಾವು ಇನ್ನೂ ಇದ್ದೇವೆ, ಕಚೇರಿಗೆ ಹೋಗಬೇಕು, ಮದುವೆಗಳಿಗೆ ಹೋಗಬೇಕು, ಸಂಘದ ನಾಟಕ ನೋಡಬೇಕು. ಧಾರವಾಡದಲ್ಲಿ ಎಂ.ಎ. ಮುಗಿಸುವವರೆಗೂ, ಆಮೇಲೆ ನೌಕರಿಯ ಬಹುಕಾಲವೂ ಕಾಲಿಗೆ ಕ್ಯಾಲಿಪರ್ ಬಿಗಿದು, ಕಂಕುಳಲ್ಲಿ ಊರುಗೋಲು ಹಿಡಿದು ನಡೆದವನು ನಾನು. ಊರುಗೋಲಿನವನಿಗೆ ಎರಡು ಕೈಗಳಿದ್ದೂ ಇಲ್ಲ. ಒಂದು ಕಡತವನ್ನಾಗಲಿ, ಒಂದು ಲೋಟ ನೀರನ್ನಾಗಲಿ ಆತ ಒಂದು ಮೇಜಿನಿಂದ ಇನ್ನೊಂದಕ್ಕೆ ಒಯ್ಯಲಾರ. ಸುಮಾರು ಹದಿನೈದು ವರ್ಷಗಳ ಹಿಂದೆ ಗಾಲಿಕುರ್ಚಿಯಲ್ಲಿ ಕುಳಿತ ದಿನ ನನಗೊಂದು ಮಡಿಲು ದೊರೆಯಿತು. ಅದರ ಮೇಲೆ ಕಡತವಿಟ್ಟೆ, ತರಕಾರಿ ಚೀಲವಿಟ್ಟೆ, ಅಣ್ಣನ ಮೊಮ್ಮಗಳನ್ನು ಕೂರಿಸಿಕೊಂಡು ಕಾಲೋನಿಯ ಅಂಗಳ ಸುತ್ತಿದೆ. ಬಂಧುಗಳು ಅಂದು ‘ಪಾಪ, ಕುರ್ಚಿಗೆ ಬಿದ್ದ’ ಎಂದು ಮರುಗಿದರು. ನನ್ನ ಲೆಕ್ಕದಲ್ಲಿ ನಾನು ಅಂದು ಎದ್ದಿದ್ದೆ.

ಕೈಯಿಂದ ನಡೆಸುವ ಕುರ್ಚಿ ಹಳೆಯದು, ಮೋಟಾರಿನದು ಅದರ ಮುಂದಿನ ಮೆಟ್ಟಿಲು ಎಂಬ ಕಲ್ಪನೆಯೇ ತಪ್ಪೆಂದು ತಿಳಿಯಲು ಇತಿಹಾಸವನ್ನು ಸ್ವಲ್ಪ ನೋಡಿದರೆ ಸಾಕು. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ತಯಾರಕ, ಸ್ವತಃ ನಡೆಯಲಾರದವನು, ಕೈಯಿಂದ ತಿರುಗಿಸಿ ತಾನೇ ಚಲಿಸಬಲ್ಲ ಮೂರು ಗಾಲಿಯ ಕುರ್ಚಿಯನ್ನು ತನಗಾಗಿ ಮಾಡಿಕೊಂಡ. 1930ರ ದಶಕದ ಆರಂಭದಲ್ಲಿ ಅಮೆರಿಕದ ಹರ್ಬರ್ಟ್ ಎವರೆಸ್ಟ್ ಎಂಬ ಗಣಿ ಇಂಜಿನಿಯರ್, ಅಪಘಾತದಲ್ಲಿ ಕಾಲಿನ ಶಕ್ತಿ ಕಳೆದುಕೊಂಡವರು, ತಮ್ಮ ಗೆಳೆಯ ಹ್ಯಾರಿ ಜೆನಿಂಗ್ಸ್ ಜೊತೆಗೂಡಿ ಕಾರಿನಲ್ಲಿಟ್ಟು ಒಯ್ಯಬಹುದಾದ, ಉಕ್ಕಿನ ಕೊಳವೆಗಳ ಮಡಚುವ ಕುರ್ಚಿಯನ್ನು ರೂಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಗಾಯಗೊಂಡು ಕೈಗಳನ್ನೂ ಆಡಿಸಲಾಗದ ಸ್ಥಿತಿಗೆ ಬಂದ ಸೈನಿಕರಿಗಾಗಿ ಕೆನಡಾದ ಜಾರ್ಜ್ ಕ್ಲೈನ್ ವಿದ್ಯುಚ್ಚಾಲಿತ ಕುರ್ಚಿಯನ್ನು ನಿರ್ಮಿಸಿದರು. ಮೂರೂ ಮೂರು ಬೇರೆ ಅಗತ್ಯಗಳಿಗೆ ದೊರೆತ ಮೂರು ಉತ್ತರಗಳು. ಕನ್ನಡಕದ ಬದಲಿಗೆ ಶ್ರವಣಸಾಧನವನ್ನು ಯಾರೂ ‘ಮುಂದುವರಿದದ್ದು’ ಎಂದು ಉಡುಗೊರೆ ಕೊಡುವುದಿಲ್ಲವಷ್ಟೆ?

ಈಗ ನನ್ನ ಅಗತ್ಯದ ಮಾತು. ನನ್ನ ಕುರ್ಚಿ 14 ಕಿಲೋ ತೂಗುತ್ತದೆ. ಮುಂಬಯಿಯ ಟ್ಯಾಕ್ಸಿಗಳ ಡಿಕ್ಕಿಯನ್ನು ಸಿಎನ್‌ಜಿ ಸಿಲಿಂಡರು ಆಕ್ರಮಿಸಿರುವುದು ಎಲ್ಲರಿಗೂ ಗೊತ್ತು. 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಮರೆಯಾದ ಪದ್ಮಿನಿ ಟ್ಯಾಕ್ಸಿಗಳ ಕಾಲದಲ್ಲಿ ಮಡಚಿದ ನನ್ನ ಕುರ್ಚಿ ಮೇಲಿನ ಕ್ಯಾರಿಯರಿನಲ್ಲಿ ಸವಾರಿ ಮಾಡುತ್ತಿತ್ತು. ಇಂದು ಹಿಂದಿನ ಸೀಟಿನ ಮುಂದೆ ತೂರಿಕೊಳ್ಳುತ್ತದೆ. ಚಾಲಕನೊಬ್ಬನೇ ಅದನ್ನು ಎತ್ತಿಡಬಲ್ಲ. ಟೈರು ಪಂಕ್ಚರಾದರೆ ಸೈಕಲ್ ಅಂಗಡಿಯವನು ಹತ್ತು ನಿಮಿಷದಲ್ಲಿ ಸರಿಮಾಡುತ್ತಾನೆ. ಬೇರಿಂಗು ಸವೆದರೆ ಅವನೇ ಬದಲಿಸುತ್ತಾನೆ. ಜುಲೈ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಗೇಣುದ್ದ ನೀರು ನಿಂತಾಗಲೂ ಅದು ಮುನಿಸಿಕೊಳ್ಳುವುದಿಲ್ಲ. ಸಮಿತಿಯವರು ತೋರಿಸಿದ ಮೋಟಾರು ಕುರ್ಚಿ ಬ್ಯಾಟರಿ ಸಹಿತ 60 ಕಿಲೋಗೂ ಹೆಚ್ಚು. ಅದಕ್ಕಿಂತ ಬಹಳ ಹಗುರವಾದ ಮಡಚುವ ಮಾದರಿಗಳು ಇಂದು ಬಂದಿವೆ, ಒಪ್ಪುತ್ತೇನೆ. ಆದರೂ ಅವುಗಳಿಗೆ ರಾತ್ರಿಯೆಲ್ಲ ಚಾರ್ಜು ಬೇಕು, ಮಳೆನೀರಿನಿಂದ ರಕ್ಷಣೆ ಬೇಕು, ವಿಮಾನ ಹತ್ತುವಾಗ ಬ್ಯಾಟರಿಯ ಜಾತಕವನ್ನು ಕೌಂಟರಿನಲ್ಲಿ ಒಪ್ಪಿಸಬೇಕು, ಕೆಟ್ಟರೆ ಬಿಡಿಭಾಗಕ್ಕಾಗಿ ವಾರಗಟ್ಟಲೆ ಕಾಯಬೇಕು. ಆ ವಾರಗಳಲ್ಲಿ ನಾನು ಕಚೇರಿಗೆ ಹೇಗೆ ಹೋಗಲಿ?

ಇನ್ನೂ ಒಂದು ಕಾರಣವಿದೆ. ಗಾಲಿಯ ಮಗ್ಗುಲಿನ ಉಕ್ಕಿನ ಬಳೆಯನ್ನು ಹಿಡಿದು ತಳ್ಳುವಾಗ ನೆಲ ನನ್ನ ಅಂಗೈಗೆ ತಿಳಿಯುತ್ತದೆ. ಎಲ್ಲಿ ಹಾಸುಗಲ್ಲು ಸಡಿಲವಾಗಿದೆ, ಎಲ್ಲಿ ಕಾಲುದಾರಿ ಚರಂಡಿಯ ಕಡೆಗೆ ವಾಲಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದೆ. ನಡೆಯುವವರು ಇದನ್ನು ನಡಿಗೆ ಎನ್ನುತ್ತಾರೆ, ನನ್ನದೂ ಅದೇ. ಐವತ್ತಾರರ ವಯಸ್ಸಿನಲ್ಲಿ ಬೆಳಗಿನ ನಡಿಗೆ ಆರೋಗ್ಯಕ್ಕೆ ಒಳ್ಳೆಯದೆಂದು ಪರಸ್ಪರ ಉಪದೇಶಿಸುವ ನನ್ನ ಸಹೋದ್ಯೋಗಿಗಳು, ನಾನು ಬೆವರುವುದನ್ನು ಕಂಡೊಡನೆ ಮಾತ್ರ ‘ಅಯ್ಯೋ’ ಎನ್ನುವುದೇಕೆ?

ಆದರೆ ಈ ಮಾತನ್ನು ಹಿಗ್ಗಿಸಿ, ಕೈಯಿಂದ ತಳ್ಳುವುದೇ ಪುರುಷಾರ್ಥ, ಮೋಟಾರು ಸೋಮಾರಿತನ ಎಂದು ಯಾರಾದರೂ ಅರ್ಥ ಮಾಡಿಕೊಂಡರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೋದಿಂದ ಕೈಕಾಲುಗಳೆರಡನ್ನೂ ಕಳೆದುಕೊಂಡ ಅಮೆರಿಕದ ಎಡ್ ರಾಬರ್ಟ್ಸ್, 1962ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯವನ್ನು ಸೇರಿ ಮುಂದೆ ವಿಕಲಚೇತನರ ಸ್ವತಂತ್ರ ಬದುಕಿನ ಚಳವಳಿಯನ್ನೇ ಕಟ್ಟಿದರು; ಇನ್ನೊಬ್ಬರು ತಳ್ಳುವ ಕುರ್ಚಿಯಿಂದ ಅವರನ್ನು ಬಿಡಿಸಿದ್ದು ಮೋಟಾರು ಕುರ್ಚಿಯೇ. ಸ್ನಾಯುಕ್ಷಯದಿಂದ ಬಳಲುವವರಿಗೆ, ಕುತ್ತಿಗೆಯ ಬಳಿ ಬೆನ್ನುಹುರಿ ಮುರಿದವರಿಗೆ ಅದು ಭೋಗವಸ್ತುವಲ್ಲ, ಕಾಲು. ಕೈಯಿಂದ ತಳ್ಳುವವರ ಹೆಗಲು ವರ್ಷಗಳು ಉರುಳಿದಂತೆ ನೋಯತೊಡಗುವುದೂ ನಿಜ. ನನ್ನ ಬಲಹೆಗಲು ಚಳಿಗಾಲದಲ್ಲಿ ಅದನ್ನು ನೆನಪಿಸುತ್ತಲೇ ಇರುತ್ತದೆ. ಪೋಲಿಯೋ ಉಂಡ ದೇಹದಲ್ಲಿ ದಶಕಗಳ ಬಳಿಕ ಹೊಸ ನಿಶ್ಶಕ್ತಿ ಕಾಣಿಸಿಕೊಳ್ಳಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ, ವರ್ಷಕ್ಕೊಮ್ಮೆ ತೋಳುಗಳನ್ನು ಪರೀಕ್ಷಿಸುತ್ತಾರೆ. ಆ ದಿನ ಬಂದರೆ ಯಾವ ನಾಚಿಕೆಯೂ ಇಲ್ಲದೆ ಮೋಟಾರು ಕುರ್ಚಿ ಏರುತ್ತೇನೆ. ಆ ದಿನ ಯಾವುದೆಂದು ನಾನೂ ನನ್ನ ವೈದ್ಯರೂ ನಿರ್ಧರಿಸುತ್ತೇವೆ; ಕಾರ್ಯಕಾರಿ ಸಮಿತಿಯ ಒಮ್ಮತದ ಠರಾವು ಅದಕ್ಕೆ ಬೇಕಾಗಿಲ್ಲ. ಭಾರತವು 2007ರಲ್ಲಿ ಸ್ಥಿರೀಕರಿಸಿದ, ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯೂ ಚಲನೆಯ ರೀತಿ ಮತ್ತು ಸಮಯ ಆಯಾ ವ್ಯಕ್ತಿಯ ಆಯ್ಕೆಗೆ ಸೇರಿದ್ದೆಂದೇ ಹೇಳುತ್ತದೆ.

ಇಷ್ಟಾದರೂ ನನ್ನ ನಿರಾಕರಣೆಯ ಮುಖ್ಯ ಕಾರಣವನ್ನು ನಾನಿನ್ನೂ ಹೇಳಿಲ್ಲ. ಅದು ಸಂಘದ ಸಭಾಂಗಣದ ಬಾಗಿಲಲ್ಲಿದೆ. ಅಲ್ಲಿ ಮೂರು ಮೆಟ್ಟಿಲುಗಳಿವೆ. ಪ್ರತಿ ಕಾರ್ಯಕ್ರಮಕ್ಕೂ ನಾಲ್ವರು ಸದಸ್ಯರು ನನ್ನನ್ನು ಕುರ್ಚಿ ಸಹಿತ ಎತ್ತಿ ಒಳಗಿಡುತ್ತಾರೆ. ಪಲ್ಲಕ್ಕಿಯಲ್ಲಿ ಬರುವ ಉತ್ಸವಮೂರ್ತಿಯಂತೆ ನಾನು ತೇಲುತ್ತ ಒಳಬರುವಾಗ ಸಭಿಕರೆಲ್ಲ ಒಮ್ಮೆ ತಿರುಗಿ ನೋಡುತ್ತಾರೆ. ಮೂತ್ರಕ್ಕೆ ಹೋಗಬೇಕೆಂದರೂ ನಾಲ್ವರನ್ನು ಕೂಗಬೇಕಾದೀತೆಂದು ಕಾರ್ಯಕ್ರಮದ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದನ್ನು ಬಿಡುತ್ತೇನೆ. ಈಗ ಓದುಗರೇ ಲೆಕ್ಕ ಹಾಕಲಿ: ಕುರ್ಚಿಯ 14 ಕಿಲೋ ಜೊತೆಗೆ ನನ್ನ 62 ಕಿಲೋ ಎತ್ತಲು ನಾಲ್ವರು ಏದುಸಿರು ಬಿಡುತ್ತಾರೆ. 60 ಕಿಲೋದ ಯಂತ್ರದಲ್ಲಿ ನಾನು ಕುಳಿತು ಬಂದರೆ ಎಷ್ಟು ಜನ ಬೇಕು? ಸಂಘ ನನಗೆ ಕೊಡಹೊರಟಿದ್ದುದು, ನನ್ನನ್ನು ಸಂಘದ ಹೊರಗೇ ನಿಲ್ಲಿಸುವ ಉಡುಗೊರೆ. ಅದನ್ನು ‘ಅರ್ಪಿಸಲು’ ನಿಶ್ಚಯಿಸಿದ್ದ ವೇದಿಕೆಗಂತೂ ಇನ್ನೂ ಐದು ಮೆಟ್ಟಿಲು!

ಇದು ನಮ್ಮ ಸಂಘವೊಂದರ ಮರೆವಲ್ಲ. ದೇಶದ ರೀತಿಯೇ ಇದು. ಜಗತ್ತಿನ ಅತಿ ಪ್ರಸಿದ್ಧ ಮೋಟಾರು ಕುರ್ಚಿ ಯಾರದೆಂದು ಕೇಳಿದರೆ ಶಾಲೆಯ ಮಕ್ಕಳೂ ಸ್ಟೀಫನ್ ಹಾಕಿಂಗರ ಹೆಸರು ಹೇಳುತ್ತಾರೆ. 2001ರ ಜನವರಿಯಲ್ಲಿ ಆ ಮಹಾವಿಜ್ಞಾನಿ ದಿಲ್ಲಿಗೆ ಬಂದಾಗ ಕುತುಬ್ ಮಿನಾರ್, ಜಂತರ್ ಮಂತರ್‌ಗಳಲ್ಲಿ ಅವರಿಗಾಗಿ ಮರದ ತಾತ್ಕಾಲಿಕ ಇಳಿಜಾರುಗಳನ್ನು ಹಾಕಬೇಕಾಯಿತು. ಕೃಷ್ಣರಂಧ್ರಗಳ ರಹಸ್ಯ ಬಿಡಿಸಿದ ಬುದ್ಧಿಯಾಗಲಿ, ಪಾಶ್ಚಾತ್ಯ ತಂತ್ರಜ್ಞಾನವಾಗಲಿ ಒಂದು ಕಲ್ಲಿನ ಮೆಟ್ಟಿಲನ್ನು ದಾಟಿಸಲಿಲ್ಲ, ದಾಟಿಸಿದ್ದು ಹಲಗೆ.

ಕಾನೂನು ಇಲ್ಲವೆನ್ನುವಂತಿಲ್ಲ. 1995ರಲ್ಲಿ ಒಂದು ಅಧಿನಿಯಮ ಬಂತು, 2016ರಲ್ಲಿ ಅದಕ್ಕಿಂತ ಬಲವಾದ ಇನ್ನೊಂದು. ಎರಡನೆಯದರಲ್ಲಿ ‘ಸಾರ್ವಜನಿಕ ಕಟ್ಟಡ’ವೆಂದರೆ ಸರಕಾರದ್ದು ಮಾತ್ರವಲ್ಲ, ಜನಸಾಮಾನ್ಯರು ಬಳಸುವ ಖಾಸಗಿ ಕಟ್ಟಡವೂ, ಸಾಂಸ್ಕೃತಿಕ ಚಟುವಟಿಕೆಯ ಕಟ್ಟಡವೂ ಅದರಲ್ಲಿ ಸೇರುತ್ತವೆ. ನಿಯಮಗಳು ಪ್ರಕಟವಾದ ಐದು ವರ್ಷಗಳೊಳಗೆ ಇದ್ದ ಕಟ್ಟಡಗಳನ್ನೆಲ್ಲ ಸುಗಮಗೊಳಿಸಬೇಕಿತ್ತು. ನಿಯಮಗಳು ಬಂದದ್ದು 2017ರ ಜೂನಿನಲ್ಲಿ; ಅವಧಿ ಮುಗಿದದ್ದು 2022ರಲ್ಲಿ. ಆ ನಿಯಮಗಳಲ್ಲಿನ ಒಂದು ನಿಯಮ, ಕಡ್ಡಾಯವಾಗಿರಬೇಕಾದುದನ್ನು ಬರಿಯ ಸಲಹೆಯ ಮಟ್ಟಕ್ಕೆ ಇಳಿಸಿದೆಯೆಂದು ಸರ್ವೋಚ್ಚ ನ್ಯಾಯಾಲಯ 2024ರ ನವೆಂಬರಿನಲ್ಲಿ ರಾಜೀವ್ ರಾಟೂರಿ ಪ್ರಕರಣದಲ್ಲಿ ಅದನ್ನು ಅಸಿಂಧುಗೊಳಿಸಿ, ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಕೇಂದ್ರಕ್ಕೆ ಆದೇಶಿಸಿತು. ನಮ್ಮಲ್ಲಿ ಕರ್ತವ್ಯ ಸಲಹೆಯಾಗುವುದಕ್ಕೂ, ದಾನ ಉತ್ಸವವಾಗುವುದಕ್ಕೂ ತಡವಾಗುವುದಿಲ್ಲ.

ಮೂರು ದಶಕ ಲೆಕ್ಕಪತ್ರ ನೋಡಿದ ನನಗೆ ಇದರ ಗುಟ್ಟು ತಿಳಿಯದ್ದೇನಲ್ಲ. ಹಂಚಿದ ಕುರ್ಚಿಗಳನ್ನು ಎಣಿಸುವುದು ಸುಲಭ. ವರದಿಯಲ್ಲಿ ಒಂದು ಸಂಖ್ಯೆ, ಪತ್ರಿಕೆಯಲ್ಲಿ ಒಂದು ಭಾವಚಿತ್ರ. ಆ ಕುರ್ಚಿಗಳು ಮರುದಿನ ಎಷ್ಟು ಮೆಟ್ಟಿಲುಗಳ ಮುಂದೆ ನಿಂತವೆಂಬುದಕ್ಕೆ ಯಾವ ನಮೂನೆಯಲ್ಲೂ ಕಾಲಂ ಇಲ್ಲ. ಕೊಟ್ಟ ಕುರ್ಚಿಗೆ ದಾನಿಯ ಹೆಸರು ಬರೆಯಬಹುದು, ಇಳಿಜಾರಿನ ಮೇಲೆ ಎಲ್ಲರೂ ನಡೆದಾಡುತ್ತಾರೆ. ಮಂಡಿನೋವಿನ ಅಜ್ಜಿಯೂ, ಮಗುವಿನ ತಳ್ಳುಗಾಡಿಯೂ, ಊಟದ ಹಂಡೆ ಸಾಗಿಸುವ ಅಡಿಗೆಯವರೂ ಬಳಸುವ ಇಳಿಜಾರಿನಲ್ಲಿ ಕೃತಜ್ಞತೆಯಿಂದ ಕೈಮುಗಿದು ನಿಲ್ಲುವ ಫಲಾನುಭವಿ ಯಾರೂ ಸಿಗುವುದಿಲ್ಲ. ಬಹುಶಃ ಅದಕ್ಕೇ ಅದು ಯಾರಿಗೂ ಬೇಡವಾಗಿದೆ.

ಇಂಜಿನಿಯರ್ ತರುಣನಿಗೆ ನನ್ನದೊಂದು ಸರಳ ಲೆಕ್ಕ. ಒಂದು ಅಳತೆ ಏರಲು ಹನ್ನೆರಡು ಅಳತೆ ಉದ್ದ, ಇದು ಇಳಿಜಾರಿನ ಅಂಗೀಕೃತ ಪ್ರಮಾಣ. ನಮ್ಮ ಮೂರು ಮೆಟ್ಟಿಲುಗಳ ಒಟ್ಟು ಎತ್ತರ 45 ಸೆಂಟಿಮೀಟರ್, ಬೇಕಾದುದು 5.4 ಮೀಟರ್ ಉದ್ದದ ಇಳಿಜಾರು, ಎರಡೂ ಬದಿ ಹಿಡಿಗಂಬಿ. ಚಪ್ಪಲಿಗಳ ರಾಶಿ ಬೀಳುವ ಬಾಗಿಲ ಎಡಗಡೆಯ ಜಾಗ ಅದಕ್ಕಿಂತ ಉದ್ದವಿದೆ. ನಾನು ಟೇಪು ಹಿಡಿಸಿ ಅಳೆಸಿದ್ದೇನೆ. ಕಣ್ಣೊರೆಸುವುದಕ್ಕೆ ಗೋಡೆಯಂತೆ ಕಡಿದಾದ ಇಳಿಜಾರು ಕಟ್ಟಿದರೆ ಅದು ಮೆಟ್ಟಿಲಿಗಿಂತ ಅಪಾಯ. ಅದರಲ್ಲಿ ಕೈಕುರ್ಚಿ ಹಿಂದಕ್ಕೆ ಮಗುಚುತ್ತದೆ, ಮೋಟಾರು ಕುರ್ಚಿಯೂ ಸುರಕ್ಷಿತವಲ್ಲ. ವೇದಿಕೆಯ ಎತ್ತರ 90 ಸೆಂಟಿಮೀಟರ್, ಅಲ್ಲಿಗೆ 10.8 ಮೀಟರ್ ಬೇಕು, ಅಷ್ಟು ಸ್ಥಳವಿಲ್ಲವೆಂಬುದನ್ನು ಒಪ್ಪುತ್ತೇನೆ. ಹಾಗಿದ್ದರೆ ಗೋಷ್ಠಿಗಳನ್ನು ನೆಲದ ಮೇಲೆಯೇ ನಡೆಸೋಣ. ಕವಿಗಳು ಸಭಿಕರ ಮಟ್ಟಕ್ಕೆ ಇಳಿದು ಓದಿದರೆ ಕನ್ನಡಕ್ಕೆ ನಷ್ಟವಾಗಲಾರದು.

ಪ್ರತಿ ವರ್ಷ ಬಸವ ಜಯಂತಿಯಂದು ಇದೇ ವೇದಿಕೆಯಿಂದ ಸ್ಥಾವರ, ಜಂಗಮಗಳ ಕುರಿತು ಸುದೀರ್ಘ ಉಪನ್ಯಾಸಗಳನ್ನು ಕೇಳುತ್ತ ಬಂದಿದ್ದೇನೆ. ಚಲಿಸುವ ನನ್ನ ಕುರ್ಚಿಯನ್ನು ಬದಲಿಸಲು ಹೊರಟವರಿಗೆ ಚಲಿಸದ ಆ ಮೂರು ಕಲ್ಲುಗಳು ಕಾಣಲಿಲ್ಲವೆಂಬುದಷ್ಟೇ ನನ್ನ ದೂರು. ನನಗಾಗಿ ತೆಗೆದಿಟ್ಟ ಹಣ ಇನ್ನೂ ಸಂಘದ ಖಾತೆಯಲ್ಲಿದೆಯೆಂದು ಖಜಾಂಚಿಗಳು ಹೇಳಿದ್ದಾರೆ. ಬರುವ ಸರ್ವಸಾಧಾರಣ ಸಭೆಯಲ್ಲಿ ಅದನ್ನು ಇಳಿಜಾರಿಗೆ ವಿನಿಯೋಗಿಸಬೇಕೆಂಬ ಠರಾವನ್ನು ನಾನು ಲಿಖಿತವಾಗಿ ಮಂಡಿಸಿದ್ದೇನೆ. ಅನುಮೋದಿಸುವವರೊಬ್ಬರು ಬೇಕಾಗಿದ್ದಾರೆ. ಆ ಸಂಜೆಯಾದರೂ ನನ್ನನ್ನು ಎತ್ತುವ ನಾಲ್ವರು ದಯವಿಟ್ಟು ಸಮಯಕ್ಕೆ ಸರಿಯಾಗಿ ಬರಲಿ. ಅದು ಕೊನೆಯ ಸಲವಾಗಲೆಂಬುದೇ ನನ್ನ ಹಾರೈಕೆ.