ಗ್ಯಾಸ್ ಹೋಗಿದೆಯೆಂಬ ತೀರ್ಪು

ಮನೆಯ ಫ್ರಿಜ್ ತಂಪು ಕೊಡುವುದನ್ನು ನಿಲ್ಲಿಸಿದಾಗ, ಕರೆಗೆ ಓಗೊಟ್ಟು ಬಂದ ಮೆಕ್ಯಾನಿಕ್ ಬಾಗಿಲನ್ನೊಮ್ಮೆ ತೆರೆದು, ಫ್ರೀಜರಿನೊಳಗೆ ಕೈಯಾಡಿಸಿ, ಹಿಂಬದಿಗೆ ಕಿವಿಗೊಟ್ಟು, ‘ಗ್ಯಾಸ್ ಹೋಗಿದೆ ಸಾರ್, ತುಂಬಿಸಬೇಕು’ ಎಂದು ನುಡಿಯುವ ಮಾತು ನಮ್ಮಲ್ಲಿ ಎಷ್ಟು ರೂಢವಾಗಿಬಿಟ್ಟಿದೆಯೆಂದರೆ, ಅದಕ್ಕೆ ಪ್ರಮಾಣವೇನೆಂದು ಕೇಳಬೇಕೆಂಬ ಯೋಚನೆಯೇ ಗೃಹಸ್ಥರಿಗೆ ಹುಟ್ಟುವುದಿಲ್ಲ. ಒಲೆಗೆ ಸಿಲಿಂಡರು ಮುಗಿಯುವಂತೆ ಫ್ರಿಜ್ಜಿಗೂ ಕಾಲಕಾಲಕ್ಕೆ ತೀರಿಹೋಗುವ ಇಂಧನವೊಂದು ಇದೆಯೆಂದೇ ನಮ್ಮಲ್ಲಿ ಬಹುಮಂದಿಯ ನಂಬಿಕೆ. ವಸ್ತುಸ್ಥಿತಿ ಹಾಗಿಲ್ಲ. ಕಂಪ್ರೆಸರ್ ಒತ್ತಿ ಬಿಸಿಯಾಗಿಸಿದ ಅನಿಲವು ಕಂಡೆನ್ಸರಿನ ಕೊಳವೆಗಳಲ್ಲಿ ತನ್ನ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು ದ್ರವವಾಗಿ, ಒಳವ್ಯಾಸವು ಒಂದು ಮಿಲಿಮೀಟರನ್ನೂ ಮುಟ್ಟದ ಸಪೂರ ನಳಿಗೆಯೊಂದನ್ನು ಹಾದು, ಫ್ರೀಜರಿನ ಗೋಡೆಯಲ್ಲಿ ಪುನಃ ಅನಿಲವಾಗುತ್ತ ಅಲ್ಲಿಯ ಉಷ್ಣವನ್ನು ಹೀರಿ, ಕಂಪ್ರೆಸರಿಗೇ ಹಿಂದಿರುಗುವ ಈ ಆವರ್ತನದಲ್ಲಿ ಅದು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಕಾರ್ಖಾನೆಯಲ್ಲಿ ತುಂಬಿ ಬೆಸುಗೆ ಹಾಕಿದ್ದು ಯಂತ್ರದ ಆಯುಷ್ಯವಿರುವವರೆಗೂ ಒಳಗೇ ಇರತಕ್ಕದ್ದು. ಅದು ಹೋಗಿದೆಯೆಂದರೆ ಎಲ್ಲಿಯೋ ರಂಧ್ರವಾಗಿದೆಯೆಂದೇ ಅರ್ಥ. ಆ ರಂಧ್ರವನ್ನು ಹುಡುಕಿ ಮುಚ್ಚದೆ ತುಂಬಿದ ಗ್ಯಾಸು ಬಂದ ದಾರಿಗೆ ಸುಂಕವಿಲ್ಲದೆ ಹೊರಟುಹೋಗುವುದು.

ಮೆಕ್ಯಾನಿಕರನ್ನೆಲ್ಲ ವಂಚಕರೆನ್ನುವುದು ನನ್ನ ಉದ್ದೇಶವಲ್ಲ. ಅವರಲ್ಲಿ ಕೈಯ ಕುಶಲತೆಯೂ ಪ್ರಾಮಾಣಿಕತೆಯೂ ಕೂಡಿದವರು ಅನೇಕರಿದ್ದಾರೆ. ನಾನು ಹೇಳಬಯಸುವುದು ಇಷ್ಟೆ: ಫ್ರಿಜ್ಜಿನ ಸಾಧಾರಣ ದೋಷಗಳಲ್ಲಿ ಮನೆಯವರೇ ಸರಿಪಡಿಸಿಕೊಳ್ಳಬಹುದಾದವು ಯಾವುವು, ಕೈಯಿಡಲೇಬಾರದವು ಯಾವುವು ಎಂಬ ವಿವೇಚನೆಯು, ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸಲು ಬರುವ ಪ್ರತಿ ಮನೆಗೂ ಬರಬೇಕು, ಮತ್ತು ಅದು ಬರುವಂತೆ ಮಾಡುವ ಹೊಣೆಯಲ್ಲಿ ತಯಾರಕರಿಗೂ ಪಾಲಿದೆ.

ಮೊದಲು ಬಾಗಿಲಿನ ವಿಚಾರವನ್ನೇ ತೆಗೆದುಕೊಳ್ಳೋಣ, ಏಕೆಂದರೆ ತಂಪು ಸೋರುವ ದೋಷಗಳಲ್ಲಿ ಇದರಷ್ಟು ಅಗ್ಗವಾದುದೂ ಇದರಷ್ಟು ಅಲಕ್ಷ್ಯಕ್ಕೊಳಗಾದುದೂ ಇನ್ನೊಂದಿಲ್ಲ. ಬಾಗಿಲಿನ ಸುತ್ತಲಿನ ರಬ್ಬರ್ ಪಟ್ಟಿಯೊಳಗೆ ಅಯಸ್ಕಾಂತದ ಎಳೆಯೊಂದು ಅಡಗಿದ್ದು, ಅದು ಲೋಹದ ಚೌಕಟ್ಟಿಗೆ ಎಲ್ಲ ಕಡೆಯೂ ಕಚ್ಚಿಕೊಂಡಾಗ ಮಾತ್ರ ಒಳಗಿನ ಶೈತ್ಯವು ಒಳಗುಳಿಯುತ್ತದೆ. ಹತ್ತು ರೂಪಾಯಿಯ ನೋಟೊಂದನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಬಾಗಿಲಿಗೆ ಸಿಕ್ಕಿಸಿ ಮೆಲ್ಲನೆ ಎಳೆದುನೋಡಿ. ತಡೆಯಿಲ್ಲದೆ ಜಾರಿಬಂದರೆ ಆ ಸ್ಥಳದಲ್ಲಿ ಪಟ್ಟಿಯು ಕಚ್ಚುತ್ತಿಲ್ಲ. ಇದನ್ನು ನಾಲ್ಕು ಮೂಲೆಗಳಲ್ಲಿಯೂ, ವಿಶೇಷವಾಗಿ ತಿರುಗಣಿಯ ಬದಿಯಲ್ಲಿಯೂ ಪರೀಕ್ಷಿಸಿದರೆ, ಅನೇಕ ವೇಳೆ ಕಂಡುಬರುವುದು ಪಟ್ಟಿಯ ಮಡಿಕೆಯಲ್ಲಿ ಒಣಗಿ ಕಪ್ಪಗಾದ ಹಾಲಿನ ಕಲೆ, ದೋಸೆಹಿಟ್ಟಿನ ಹೊಪ್ಪಳಿಕೆ, ಒಂದೆರಡು ಸಾಸಿವೆಕಾಳು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಗೆ ತುಸು ಸಾಬೂನು ಹಚ್ಚಿ ಒರೆಸಿದರೆ ಕೊಳೆ ಹೋಗುವುದಲ್ಲದೆ, ಸೆಟೆದುಕೊಂಡ ರಬ್ಬರೂ ಮೆದುವಾಗಿ ಪೂರ್ವದ ಆಕಾರಕ್ಕೆ ಮರಳುವುದುಂಟು. ಹರಿದಿದ್ದರೆ ಮಾತ್ರ ಹೊಸದನ್ನು ತರಬೇಕು.

ಒಂದೇ ಬಾಗಿಲಿನ ಫ್ರಿಜ್ಜುಗಳಲ್ಲಿ ಕಾಣುವ ಎರಡನೆಯ ತೊಡಕು ಹಿಮದ್ದು. ಗಾಳಿಯ ತೇವವು ಫ್ರೀಜರಿನ ಗೋಡೆಗೆ ಹತ್ತಿ ಹೆಪ್ಪುಗಟ್ಟಿ, ಬೆರಳ ದಪ್ಪದ ಕವಚವಾಗಿ, ಶೈತ್ಯವು ಹೊರಬರುವ ಹಾದಿಯನ್ನೇ ಮುಚ್ಚುತ್ತದೆ. ಇದಕ್ಕಾಗಿಯೇ ಥರ್ಮೋಸ್ಟಾಟಿನ ನಡುವೆ ಡಿಫ್ರಾಸ್ಟ್ ಗುಂಡಿಯೊಂದಿರುತ್ತದೆ. ಅದನ್ನು ಒತ್ತಿ, ಕರಗಿದ ನೀರು ಹರಿಯಲು ಬಿಟ್ಟು, ಕೆಲವು ಗಂಟೆ ಕಾದರೆ ಕೆಲಸ ಮುಗಿಯಿತು. ಆದರೆ ಕಾಯುವ ತಾಳ್ಮೆಯಿಲ್ಲದೆ ಚಾಕುವನ್ನೋ ಚಮಚದ ಹಿಡಿಯನ್ನೋ ಹಿಮದೊಳಗೆ ಚುಚ್ಚಿ ಮೀಟುವ ಅಭ್ಯಾಸವು ನಮ್ಮಲ್ಲಿ ವ್ಯಾಪಕವಾಗಿದೆ. ಆ ಫ್ರೀಜರಿನ ಗೋಡೆಯೆಂದರೆ ತೆಳ್ಳನೆಯ ಅಲ್ಯೂಮಿನಿಯಂ ಹಾಳೆ. ಅದರ ಅಂತರಾಳದಲ್ಲಿಯೇ ಅನಿಲದ ಕಾಲುವೆಗಳಿವೆ. ಚಾಕು ತಾಗಿದ ಕ್ಷಣದಲ್ಲಿ ‘ಸುಸ್’ ಎಂಬ ಸದ್ದು ಕೇಳಿಬಂದರೆ ಆಗ ನಿಜವಾಗಿಯೂ ಗ್ಯಾಸು ಹೋಯಿತು, ಮತ್ತು ಅದನ್ನು ಕಳುಹಿಸಿದವರು ಮನೆಯವರೇ.

ಎರಡು ಬಾಗಿಲಿನ, ಫ್ರಾಸ್ಟ್-ಫ್ರೀ ಎಂಬ ಬಗೆಯದರಲ್ಲಿ ರೋಗಲಕ್ಷಣವೇ ಬೇರೆ. ಮೇಲೆ ಐಸು ಗಟ್ಟಿಯಾಗಿಯೇ ಕಟ್ಟುತ್ತಿದ್ದು, ಕೆಳಗೆ ಮಾತ್ರ ಹಾಲು ಒಡೆದು ಸೊಪ್ಪು ಬಾಡುತ್ತಿದ್ದರೆ, ಸಾಮಾನ್ಯವಾಗಿ ಅನಿಲದಲ್ಲಿ ದೋಷವಿರುವುದಿಲ್ಲ. ಮೇಲಿನ ತಣ್ಣನೆಯ ಗಾಳಿಯನ್ನು ಕೆಳಕ್ಕೆ ತಳ್ಳುವ ದಾರಿಯು ಕಟ್ಟಿಕೊಂಡಿರುತ್ತದೆ. ಬಟಾಣಿಯ, ತೆಂಗಿನತುರಿಯ ಪ್ಲಾಸ್ಟಿಕ್ ಚೀಲಗಳನ್ನು ಗಾಳಿಕಿಂಡಿಗೆ ಒತ್ತಿ ತುಂಬಿರುವುದು ಒಂದು ಕಾರಣವಾದರೆ, ಹಿಂಬದಿಯ ಹಲಗೆಯ ಮರೆಯಲ್ಲಿ ಹಿಮವನ್ನು ಕರಗಿಸತಕ್ಕ ಹೀಟರು ಕೆಟ್ಟು, ಅಲ್ಲಿ ಹಿಮ ಬೆಳೆದಿರುವುದು ಇನ್ನೊಂದು. ಫ್ರಿಜ್ಜನ್ನು ಬರಿದುಮಾಡಿ, ಪ್ಲಗ್ ಕಿತ್ತು, ಬಾಗಿಲುಗಳನ್ನು ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಚಾಲೂ ಮಾಡಿದಾಗ ಕೆಳಭಾಗವು ಚೆನ್ನಾಗಿ ತಣ್ಣಗಾಗಿ, ಒಂದೆರಡು ವಾರದಲ್ಲಿ ಪುನಃ ಮೊದಲಿನಂತಾದರೆ, ಹೀಟರನ್ನೂ ಅದರ ಸೆನ್ಸರನ್ನೂ ನೋಡಿರೆಂದು ಮೆಕ್ಯಾನಿಕನಿಗೆ ನೀವೇ ಹೇಳಬಹುದು. ತರಕಾರಿಯ ಡಬ್ಬಿಯ ಕೆಳಗೆ ನೀರು ನಿಲ್ಲುವುದಂತೂ ಇನ್ನೂ ಸುಲಭದ ಸಮಸ್ಯೆ: ಕರಗಿದ ನೀರು ಹೊರಹೋಗುವ ಕಿರುರಂಧ್ರವು ಕೊತ್ತಂಬರಿ ಎಲೆಯಿಂದಲೋ ಲೋಳೆಯಿಂದಲೋ ಮುಚ್ಚಿದೆ, ಸೂಜಿಯಿಲ್ಲದ ಸಿರಿಂಜಿನಿಂದ ಉಗುರುಬೆಚ್ಚನೆಯ ನೀರನ್ನು ಹಾಯಿಸಿದರೆ ತೆರೆದುಕೊಳ್ಳುವುದು.

ಫ್ರಿಜ್ಜಿನ ಎರಡೂ ಮಗ್ಗುಲು ಬಿಸಿಯಾಗಿವೆಯೆಂದು ಗಾಬರಿಗೊಳ್ಳುವವರಿಗೆ ಒಂದು ಮಾತು: ಈಗಿನ ಅನೇಕ ಮಾದರಿಗಳಲ್ಲಿ ಕಂಡೆನ್ಸರಿನ ಕೊಳವೆಗಳು ಹಿಂಬದಿಯಲ್ಲಿರದೆ ಪಕ್ಕದ ತಗಡುಗಳೊಳಗೆ ಅಡಗಿರುವುದರಿಂದ ಆ ಬಿಸಿಯು ಸಹಜವಾದದ್ದೇ. ಹಳೆಯ ಮಾದರಿಗಳ ಹಿಂಬದಿಯ ಕಪ್ಪು ಜಾಲರಿಗೆ ಮೆತ್ತಿದ ಧೂಳನ್ನು, ಪ್ಲಗ್ ಕಿತ್ತ ತರುವಾಯ, ಒಣ ಬ್ರಷ್ಷಿನಿಂದ ಕೊಡವಬೇಕು. ಗೋಡೆಗೂ ಯಂತ್ರಕ್ಕೂ ನಡುವೆ ಗಾಳಿಯಾಡಲು ತೆರಪಿರಬೇಕು. ಕೊಳ್ಳುವಾಗ ಹಿಂಬದಿಯ ಫಲಕವನ್ನು ಓದುವವರು ಅಪರೂಪ. ಅದರಲ್ಲಿ ‘ಟಿ’ ಎಂಬ ಹವಾಮಾನ ವರ್ಗವಿದ್ದರೆ ಸುತ್ತಲಿನ ಉಷ್ಣತೆ 43 ಡಿಗ್ರಿ ಸೆಲ್ಸಿಯಸ್ ಆಗುವವರೆಗೂ, ‘ಎನ್’ ಎಂದಿದ್ದರೆ 32ರವರೆಗೆ ಮಾತ್ರವೂ ಸರಿಯಾಗಿ ನಡೆಯುವಂತೆ ಅದನ್ನು ರಚಿಸಲಾಗಿದೆಯೆಂದು ತಿಳಿಯಬೇಕು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಕಂಪ್ರೆಸರು ಬಿಡುವಿಲ್ಲದೆ ಗುಂಯ್‌ಗುಡುವುದನ್ನು ರೋಗವೆಂದು ತಿಳಿಯುವ ಮುನ್ನ ಈ ಅಕ್ಷರವನ್ನೊಮ್ಮೆ ನೋಡುವುದು ಮೇಲು.

ವಿದ್ಯುತ್ತಿನ ವಿಷಯದಲ್ಲಿ ಕೈಗಿಂತ ಕಿವಿಯನ್ನೇ ಹೆಚ್ಚು ಬಳಸಬೇಕು. ಕಂಪ್ರೆಸರು ಹೊರಡಲು ಯತ್ನಿಸಿ ಒಂದು ಕ್ಷಣ ಗುನುಗಿ, ‘ಟಕ್’ ಎಂದು ನಿಂತು, ಕೆಲವು ನಿಮಿಷಗಳ ಬಳಿಕ ಪುನಃ ಅದನ್ನೇ ಮಾಡುತ್ತಿದ್ದರೆ, ವೋಲ್ಟೇಜು ಕುಸಿದಿರಬಹುದು, ಇಲ್ಲವೆ ಅದರ ಮಗ್ಗುಲಲ್ಲಿರುವ ರಿಲೇ ಕೆಟ್ಟಿರಬಹುದು. ಕರೆಂಟು ಹೋಗಿಬಂದೊಡನೆ ಹೀಗಾಗುವುದಕ್ಕೆ ಮಾತ್ರ ಹೆದರಬೇಕಾಗಿಲ್ಲ. ಕೊಳವೆಯ ಎರಡು ಕಡೆಯ ಒತ್ತಡಗಳು ಸಮನಾಗಲು ಐದು ನಿಮಿಷ ಬಿಡುವು ಕೊಟ್ಟರೆ ಸಾಕು. ರಿಲೇ ಸಣ್ಣ ಭಾಗವೆಂಬುದು ನಿಜವಾದರೂ ವಿದ್ಯುತ್ಕೆಲಸ ಅರಿಯದವರು ಅದನ್ನು ಬಿಚ್ಚಕೂಡದು. ಬಾಗಿಲನ್ನು ಮುಟ್ಟಿದಾಗ ಕೈ ಜುಮ್ಮೆಂದರಂತೂ ಸ್ವಿಚ್ ಆರಿಸಿ, ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ನೋಡಿಸುವವರೆಗೂ ಫ್ರಿಜ್ಜನ್ನು ಚಾಲೂ ಮಾಡತಕ್ಕದ್ದಲ್ಲ.

ಕೊಳವೆಯೊಳಗಿನ ಅನಿಲವಂತೂ ಗೃಹಸ್ಥರ ಸೀಮೆಯಾಚೆಯದು. 1920ರ ದಶಕದಲ್ಲಿ ಫ್ರಿಜ್ಜುಗಳಿಗೆ ಅಮೋನಿಯ, ಸಲ್ಫರ್ ಡೈಆಕ್ಸೈಡುಗಳಂಥ ವಿಷಾನಿಲಗಳನ್ನು ತುಂಬುತ್ತಿದ್ದರು. ಬರ್ಲಿನ್ನಿನಲ್ಲಿ ಹಾಗೆ ಸೋರಿದ ಅನಿಲದಿಂದ ಕುಟುಂಬವೊಂದು ಮೃತವಾದ ವಾರ್ತೆಯನ್ನು ಓದಿಯೇ ಐನ್‌ಸ್ಟೈನರು ಲಿಯೋ ಸಿಲಾರ್ಡ್ ಅವರೊಡಗೂಡಿ, ಚಲಿಸುವ ಭಾಗಗಳೇ ಇಲ್ಲದ ಫ್ರಿಜ್ಜೊಂದನ್ನು ಕಲ್ಪಿಸಿ, 1930ರಲ್ಲಿ ಅಮೆರಿಕದ ಪೇಟೆಂಟನ್ನೂ ಪಡೆದರೆಂಬ ವೃತ್ತಾಂತವುಂಟು. ಅನಂತರ ಬಂದ, ವಿಷವಲ್ಲದ ಅನಿಲಗಳು ಆಕಾಶದ ಓಝೋನ್ ಪದರವನ್ನೇ ಕೊರೆಯುವುವೆಂದು ತಿಳಿದು, 1987ರ ಮಾಂಟ್ರಿಯಲ್ ಒಪ್ಪಂದದ ದೆಸೆಯಿಂದ ಅವೂ ತೊಲಗಿದುವು. ಈಗ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಆರ್-600ಎ ಎಂಬುದು ಐಸೊಬ್ಯುಟೇನ್, ಎಂದರೆ ಅಡುಗೆ ಅನಿಲದ ಹತ್ತಿರದ ನೆಂಟ; ಅದು ಸೋರಿದ ಕಡೆ ಕಿಡಿ ಬಿದ್ದರೆ ಹೊತ್ತಿಕೊಳ್ಳುತ್ತದೆ. ಫಲಕದಲ್ಲಿ ಬರೆದ ತೂಕವನ್ನು ಗ್ರಾಮಿನ ಲೆಕ್ಕದಲ್ಲಿ ತೂಗಿ ತುಂಬದೆ ‘ಅಂದಾಜಿಗೆ’ ತುಂಬುವವರನ್ನೂ, ವಿಡಿಯೋ ನೋಡಿ ಕೊಳವೆಗೆ ಬೆಂಕಿ ಹಿಡಿಯುವ ಸ್ವಯಂವೀರರನ್ನೂ ನಾನು ಒಂದೇ ಸಾಲಿನಲ್ಲಿ ನಿಲ್ಲಿಸುತ್ತೇನೆ.

ಮನೆಯವರೇ ಇಷ್ಟು ಕಲಿತರೆ ಮೆಕ್ಯಾನಿಕರ ಹೊಟ್ಟೆಪಾಡಿನ ಗತಿಯೇನೆಂದು ಕೆಲವರು ಕೇಳಬಹುದು. ಕೊತ್ತಂಬರಿ ಎಲೆ ತೆಗೆಯಲು ಊರಾಚೆಯಿಂದ ಬಂದುಹೋಗುವುದು ನುರಿತ ಕೆಲಸಗಾರನಿಗೂ ಹಿತವಲ್ಲ. ಜವಾಬ್ದಾರಿಯ ಬಹುಭಾಗವು ತಯಾರಕರದು: ಫ್ರಿಜ್ಜಿನೊಡನೆ ಬರುವ ಕಿರುಪುಸ್ತಕದಲ್ಲಿ ದೋಷಪರಿಹಾರವೆಂಬ ಒಂದು ಪುಟವಿದ್ದರೂ ಅದು ಕನ್ನಡದಲ್ಲಿರುವುದು ವಿರಳ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು ದುರಸ್ತಿಯ ಹಕ್ಕಿಗೆ ಚೌಕಟ್ಟನ್ನು ರೂಪಿಸಲು ಸಮಿತಿಯೊಂದನ್ನು ನೇಮಿಸಿತು; ಗೃಹಬಳಕೆಯ ಯಂತ್ರಗಳೂ ಅದರ ವಿಚಾರವ್ಯಾಪ್ತಿಯಲ್ಲಿದ್ದುವು; ಅದೇ ಡಿಸೆಂಬರಿನಲ್ಲಿ ಜಾಲತಾಣವೂ ತೆರೆಯಿತು. ಜಾಲತಾಣದಿಂದಷ್ಟೇ ರಬ್ಬರ್ ಪಟ್ಟಿ ಕೈಗೆ ಬರುವುದಿಲ್ಲ. ಗ್ಯಾಸ್ಕೆಟ್, ಬಾಗಿಲ ಸ್ವಿಚ್ಚು, ಥರ್ಮೋಸ್ಟಾಟ್ ಈ ಮೂರನ್ನಾದರೂ, ಮಾರಾಟದ ದಿನದಿಂದ ಹತ್ತು ವರ್ಷಗಳವರೆಗೆ, ಬೆಲೆಯನ್ನು ನಮೂದಿಸಿ, ಪ್ರತಿ ಜಿಲ್ಲಾಕೇಂದ್ರದಲ್ಲಿಯೂ ದೊರಕಿಸಬೇಕೆಂದು ಸರ್ಕಾರವು ವಿಧಿಸಿದರೆ, ಬೀದರಿನವರೋ ಚಾಮರಾಜನಗರದವರೋ ಒಂದು ಪಟ್ಟಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳವರೆಗೆ ಅಲೆಯಬೇಕಾಗುವುದಿಲ್ಲ.